ಯುರೋಪ್ ಪ್ರವಾಸ: ಹಿತಮಿತ ಖರ್ಚು, ಅಂದದ ಉಡುಪು

1888ರ ಸಪ್ಟೆಂಬರ್ 4ರಂದು ಮುಂಬಯಿಯಿಂದ ಲಂಡನ್ನಿಗೆ ಹಡಗು ಹತ್ತಿದ ತರುಣನೊಬ್ಬನಿಗೆ ಹತ್ತೊಂಬತ್ತು ತುಂಬಲು ಇನ್ನೂ ಒಂದು ತಿಂಗಳು ಬಾಕಿಯಿತ್ತು. ಹಡಗಿನಲ್ಲಿ ಕರಿಯ ಸೂಟು ತೊಟ್ಟಿದ್ದ ಆತ, ದಡ ಸೇರುವಾಗ ಚೆನ್ನಾಗಿ ಕಾಣಲೆಂದು ಬಿಳಿಯ ಫ್ಲಾನೆಲ್ ಉಡುಪನ್ನು ಜೋಪಾನವಾಗಿ ತೆಗೆದಿರಿಸಿದ್ದ. ಸಪ್ಟೆಂಬರ್ ಕೊನೆಯಲ್ಲಿ ಇಳಿದು ನೋಡಿದರೆ ಬಿಳಿ ಬಟ್ಟೆ ತೊಟ್ಟವನು ತಾನೊಬ್ಬನೇ! ಮುಂಬಯಿಯಲ್ಲಿ ಹೊಲಿಸಿದ್ದ ಬಟ್ಟೆಗಳು ಅಲ್ಲಿಗೆ ಒಗ್ಗವೆಂದುಕೊಂಡು, ಮುಂದೆ ಹತ್ತೊಂಬತ್ತು ಶಿಲಿಂಗಿನ ಟೋಪಿಯನ್ನೂ ಬಾಂಡ್ ಸ್ಟ್ರೀಟಿನಲ್ಲಿ ಹತ್ತು ಪೌಂಡು ಕೊಟ್ಟು ಸಂಜೆಯ ಸೂಟನ್ನೂ ಕೊಂಡ. ಆ ತರುಣ ಮೋಹನದಾಸ ಗಾಂಧಿ. ಈ ವಿಷಯವನ್ನು ಅವರೇ ತಮ್ಮ ಆತ್ಮಕಥೆಯಲ್ಲಿ ಬರೆದಿದ್ದಾರೆ.

ಇಂದು ನಮ್ಮ ಸಂಘದ ಎಷ್ಟೋ ಮನೆಗಳ ಹುಡುಗ ಹುಡುಗಿಯರು ಓದಿಗೆಂದೋ, ಕಂಪೆನಿಯ ತರಬೇತಿಗೆಂದೋ, ಕೂಡಿಟ್ಟ ಸಂಬಳದಲ್ಲಿ ಹತ್ತು ದಿನದ ಪ್ರವಾಸಕ್ಕೆಂದೋ ಯುರೋಪಿಗೆ ಹೊರಡುತ್ತಾರೆ. ಟಿಕೆಟು, ವೀಸಾಗಳಿಗೇ ದೊಡ್ಡ ಮೊತ್ತ ಹೋಗಿರುತ್ತದೆ. ಅದರ ಮೇಲೆ "ಅಲ್ಲಿ ನಾವು ಹಳ್ಳಿಗರಂತೆ ಕಾಣಬಾರದು" ಎಂಬ ಅಳುಕಿನಿಂದ ಮಾಲಿನಲ್ಲಿ ಮತ್ತಷ್ಟು ಸುರಿಯುವುದುಂಟು. ಆ ಹಣದಲ್ಲಿ ತಂದೆತಾಯಿಯ ಬೆವರೂ ಇರುತ್ತದೆ ಎಂಬುದನ್ನು ಮರೆಯಬಾರದು. ಊರಿನಿಂದ ಬಂದು ಹೊಟೇಲುಗಳಲ್ಲಿ ದುಡಿದು, ರಾತ್ರಿ ಶಾಲೆಯಲ್ಲಿ ಕಲಿತ ಹಿರಿಯರ ಬಳಿ ಇದ್ದುದು ಎರಡೇ ಅಂಗಿ. ರಾತ್ರಿ ಒಗೆದು, ಬೆಳಿಗ್ಗೆ ಇಸ್ತ್ರಿ ಮಾಡಿ ತೊಟ್ಟು ಹೋದರೆ ಯಾರೂ ಅವರನ್ನು ಬಡವರೆನ್ನುತ್ತಿರಲಿಲ್ಲ. ಅಂದವೆಂದರೆ ಬೆಲೆಯಲ್ಲ, ಅಳತೆ, ಶುಚಿ ಮತ್ತು ಸಂದರ್ಭ.

ಹವೆ ಮೊದಲು, ಫ್ಯಾಶನ್ ನಂತರ

ಯುರೋಪೆಂದರೆ ಸದಾ ಹಿಮ ಎಂಬ ಕಲ್ಪನೆ ಬೇಡ. 2019ರ ಜುಲೈ 25ರಂದು ಪ್ಯಾರಿಸಿನಲ್ಲಿ ಉಷ್ಣಾಂಶ 42.6 ಡಿಗ್ರಿಗೆ ಏರಿತ್ತು; 2022ರ ಜುಲೈಯಲ್ಲಿ ಇಂಗ್ಲೆಂಡು ಮೊದಲ ಬಾರಿ 40 ಡಿಗ್ರಿ ದಾಟಿತು. ಬೇಸಿಗೆಯ ರೋಮ್‌ಗೆ ಹೋಗುವವರಿಗೆ ನಮ್ಮ ಹತ್ತಿಯ ಅಂಗಿಯೇ ಸರಿ. ಅದೇ ಜನವರಿಯ ಲಂಡನ್, ಪ್ಯಾರಿಸ್‌ಗಳಲ್ಲಿ ಹಗಲಲ್ಲೂ ಹತ್ತು ಡಿಗ್ರಿ ಮುಟ್ಟುವುದು ಕಷ್ಟ.

ಚಳಿಗೆ ಒಂದೇ ದಪ್ಪ ಕೋಟಿಗಿಂತ ಪದರ ಪದರವಾಗಿ ತೊಡುವುದು ಮೇಲು. ಬಟ್ಟೆಗಳ ನಡುವೆ ಸಿಕ್ಕಿಕೊಂಡ ಗಾಳಿಯೇ ಮೈಯ ಬಿಸಿಯನ್ನು ಕಾಯುತ್ತದೆ. ಮೈಗಂಟುವ ಥರ್ಮಲ್ ಒಳಉಡುಪು, ಮೇಲೊಂದು ಅಂಗಿ, ಅದರ ಮೇಲೆ ಉಣ್ಣೆಯ ಸ್ವೆಟರು, ಹೊರಗೆ ಗಾಳಿ ಮಳೆ ತಡೆಯುವ ಜಾಕೀಟು. ಅಲ್ಲಿ ರೈಲು, ಅಂಗಡಿ, ಮ್ಯೂಸಿಯಂಗಳ ಒಳಗೆಲ್ಲ ಬೆಚ್ಚಗಿರುತ್ತದೆ. ಒಳಹೊಕ್ಕ ಕೂಡಲೇ ಒಂದೆರಡು ಪದರ ಕಳಚಬಹುದು.

ಪೆಟ್ಟಿಗೆಯ ಲೆಕ್ಕ

ಬಟ್ಟೆ ಹೆಚ್ಚಾದರೆ ಚೆಂದವೂ ಹೆಚ್ಚುತ್ತದೆಂದಿಲ್ಲ. ಮೊದಲು ಎರಡು ಮೂರು ಬಣ್ಣ ನಿಶ್ಚಯಿಸಿ: ಕಡುನೀಲಿ, ಬೂದು, ಬಿಳಿ ಇರಲಿ. ಇವುಗಳಲ್ಲಿ ಯಾವ ಮೇಲುಡುಪಿಗೂ ಯಾವ ಪ್ಯಾಂಟೂ ಹೊಂದುವಂತಿರಬೇಕು. ಮೂರು ಪ್ಯಾಂಟು, ಐದು ಅಂಗಿ ಇದ್ದರೆ ಹದಿನೈದು ಜೋಡಿಯಾಯಿತು! ಒಂದು ಗಾಢ ಬಣ್ಣದ ಮಫ್ಲರು ಅಥವಾ ದುಪಟ್ಟಾ ಇಟ್ಟುಕೊಂಡರೆ ದಿನವೂ ಹೊಸತೆನಿಸುತ್ತದೆ. ಫೋಟೋದಲ್ಲೂ ಒಂದೇ ಬಟ್ಟೆಯೆಂದು ಗೊತ್ತಾಗುವುದಿಲ್ಲ.

ಆ ದುಪಟ್ಟಾಕ್ಕೆ ಇನ್ನೊಂದು ಉಪಯೋಗವೂ ಇದೆ. ರೋಮಿನ ಸೇಂಟ್ ಪೀಟರ್ ಇಗರ್ಜಿಯಲ್ಲಿ ಭುಜ, ಮೊಣಕಾಲು ಮುಚ್ಚಿರದವರನ್ನು, ಗಂಡಾಗಲಿ ಹೆಣ್ಣಾಗಲಿ, ಒಳಗೆ ಬಿಡುವುದಿಲ್ಲ. ತೋಳಿಲ್ಲದ ಅಂಗಿ ತೊಟ್ಟವರು ಗಂಟೆಗಟ್ಟಲೆ ಸರತಿಯಲ್ಲಿ ನಿಂತು ಬಾಗಿಲಿಂದ ಮರಳಬೇಕಾದೀತು.

ನಮ್ಮ ಮುಂಬಯಿಯೇ ದೊಡ್ಡ ಅಂಗಡಿ

ಬಜಾರಿನ ವಿಷಯದಲ್ಲಿ ಮುಂಬಯಿಗರು ಭಾಗ್ಯವಂತರು. ಆಜಾದ್ ಮೈದಾನದ ಬಳಿಯ ಫ್ಯಾಶನ್ ಸ್ಟ್ರೀಟ್, ಬಾಂದ್ರಾದ ಲಿಂಕಿಂಗ್ ರೋಡ್ ಮತ್ತು ಹಿಲ್ ರೋಡ್, ಕೊಲಾಬಾ ಕಾಸ್‌ವೇಗಳಲ್ಲಿ ರಫ್ತಿಗೆಂದು ಹೊಲಿದು ಉಳಿದ ಬಟ್ಟೆಗಳೂ ಸಿಗುತ್ತವೆ. ಆದರೆ ಕಣ್ಣು ತೆರೆದು ಕೊಳ್ಳಬೇಕು. ಅಂಗಿಯನ್ನು ಒಳಮುಖ ಮಾಡಿ ಕಂಕುಳ ಹೊಲಿಗೆ ನೋಡಿ, ಜಿಪ್ಪನ್ನು ನಾಲ್ಕು ಬಾರಿ ಎಳೆಯಿರಿ, ಬಟ್ಟೆಯನ್ನು ಬೆಳಕಿಗೆ ಹಿಡಿಯಿರಿ. ಆಮೇಲೆ ಚೌಕಾಸಿ ಇದ್ದೇ ಇದೆ.

ಕ್ರಾಫರ್ಡ್ ಮಾರ್ಕೆಟಿನ ಬಳಿಯ ಮಂಗಳದಾಸ್ ಮಾರ್ಕೆಟಿನಲ್ಲೋ ದಾದರಿನ ಹಿಂದ್‌ಮಾತಾದಲ್ಲೋ ಬಟ್ಟೆ ಕೊಂಡು ಪರಿಚಯದ ದರ್ಜಿಯಿಂದ ಹೊಲಿಸುವುದು ಇನ್ನೂ ಒಳ್ಳೆಯದು. ಸಾಧಾರಣ ಬಟ್ಟೆಯೂ ಭುಜಕ್ಕೆ, ಸೊಂಟಕ್ಕೆ ಸರಿಯಾಗಿ ಕೂತರೆ ದುಬಾರಿಯದೆನಿಸುತ್ತದೆ. ಬೆಲೆಬಾಳುವ ಕೋಟಿನ ತೋಳು ಬೆರಳು ಮುಚ್ಚಿದರೆ ಎರವಲು ತಂದಂತಿರುತ್ತದೆ. ಚರ್ಮದ ಜಾಕೀಟು, ಬೆಲ್ಟುಗಳಿಗೆ ಧಾರಾವಿಯ ಅಂಗಡಿಗಳಿವೆ. ಬೀದಿಯಲ್ಲಿ ಕೊಳ್ಳಬಾರದ್ದು ಥರ್ಮಲ್ ಮತ್ತು ಮಳೆ ಜಾಕೀಟು. ಇವೆರಡನ್ನೂ ನಂಬಿಕೆಯ ಅಂಗಡಿಯಿಂದಲೇ ತನ್ನಿ.

ಕಾಲಿಗೆ ಜಿಪುಣತನ ಬೇಡ

ಉಳಿಸಿದ ಹಣವನ್ನು ಬೂಟಿಗೆ ಹಾಕಿ. ರೋಮ್, ಪ್ರಾಗ್‌ನಂಥ ಹಳೆಯ ನಗರಗಳ ಬೀದಿಗಳಿಗೆ ಕಲ್ಲು ಹಾಸಿರುತ್ತಾರೆ. ಎತ್ತರದ ಹಿಮ್ಮಡಿ ಸಂದಿನಲ್ಲಿ ಸಿಕ್ಕಿಬೀಳುತ್ತದೆ, ತೆಳು ಅಟ್ಟೆ ಪಾದ ನೋಯಿಸುತ್ತದೆ. ಹೊಸ ಬೂಟನ್ನು ವಿಮಾನ ಹತ್ತುವ ದಿನ ಮೊದಲು ತೊಡಬೇಡಿ. ಮೂರು ವಾರ ಮುಂಚೆಯೇ ಶಿವಾಜಿ ಪಾರ್ಕಿನಲ್ಲೋ ನಿಮ್ಮ ಉಪನಗರದ ರಸ್ತೆಯಲ್ಲೋ ನಡೆದು ಕಾಲಿಗೆ ಒಗ್ಗಿಸಿಕೊಳ್ಳಿ. ಹಣದ ಚೀಲ ಪ್ಯಾಂಟಿನ ಹಿಂಗಿಸೆಯಲ್ಲಿ ಬೇಡ. ನಮ್ಮ ಲೋಕಲ್ ರೈಲಿನಂತೆಯೇ ಪ್ಯಾರಿಸ್ ಮೆಟ್ರೋದಲ್ಲೂ ಜೇಬುಗಳ್ಳರಿದ್ದಾರೆ. ಜಾಕೀಟಿಗೆ ಒಳಜೇಬು ಹೊಲಿಸಿಕೊಂಡರೆ ಕ್ಷೇಮ.

ನಮ್ಮದೆಂಬ ಒಂದು ಬಟ್ಟೆ

ಪೆಟ್ಟಿಗೆಯಲ್ಲಿ ಊರಿನದೂ ಒಂದು ಬಟ್ಟೆ ಇರಲಿ. ಗುಳೇದಗುಡ್ಡದ ಖಣವನ್ನು ಇಂದು ಕುಪ್ಪಸಕ್ಕೆ ಮಾತ್ರ ಬಳಸಬೇಕೆಂದಿಲ್ಲ. ಅದರಿಂದ ಹೊಲಿಸಿದ ಅರೆತೋಳಿನ ಜಾಕೀಟು ಕರಿಯ ಪ್ಯಾಂಟಿನ ಮೇಲೆ ಎಷ್ಟು ಚೆನ್ನ! ಮರಾಠಿ ಮನೆಗಳಿಗೂ ಅದು ಅಚ್ಚುಮೆಚ್ಚಾದ್ದರಿಂದ ದಾದರಿನಲ್ಲೂ ಸಿಗುತ್ತದೆ. ಕಸೂತಿಯ ದುಪಟ್ಟಾ, ಇಳಕಲ್ ಸೀರೆ, 1912ರಲ್ಲಿ ಆರಂಭವಾದ ಮೈಸೂರಿನ ಕಾರ್ಖಾನೆಯ ರೇಷ್ಮೆ, ಇವುಗಳಲ್ಲಿ ಯಾವುದಾದರೂ ಒಂದು ಸಾಕು. ಅಮ್ಮನ ಕಪಾಟಿನಲ್ಲೇ ಇದ್ದರೆ ಖರ್ಚೂ ಇಲ್ಲ. ಅಲ್ಲಿನವರು ಹತ್ತಿರ ಬಂದು "ಇದು ಎಲ್ಲಿಯದು?" ಎಂದು ಕೇಳಿದಾಗ ಹೇಳಲು ನಿಮ್ಮಲ್ಲಿ ಒಂದು ಊರಿನ ಹೆಸರಿರುತ್ತದೆ.

ಅಲ್ಲಿ ಹೋಗಿ ಕೊಳ್ಳುವ ಆಸೆಯಿದ್ದರೆ ಅಂಗಿಯ ಕುತ್ತಿಗೆಯ ಪಟ್ಟಿಯನ್ನು ಓದಿ ನೋಡಿ. ಎಷ್ಟೋ ಸಲ ಅದು ಭಾರತದಲ್ಲೇ ಹೊಲಿದದ್ದಾಗಿರುತ್ತದೆ. ತಿರುಪ್ಪೂರಿನಲ್ಲೋ ಬೆಂಗಳೂರಿನಲ್ಲೋ ನಮ್ಮ ಹೆಣ್ಣುಮಕ್ಕಳು ಹೊಲಿದು ಕಳಿಸಿದ್ದನ್ನು ಯೂರೋ ಕೊಟ್ಟು ಮರಳಿ ತರುವುದರಲ್ಲಿ ಏನು ಜಾಣತನ?

ದಪ್ಪ ಕೋಟಿನ ಬಗ್ಗೆ ಒಂದು ಸೂಚನೆ. ಮುಂಬಯಿಯ ಹವೆಯಲ್ಲಿ ಅದು ಹತ್ತು ದಿನ ಬಳಸಿ, ಹತ್ತು ವರ್ಷ ನುಸಿಗುಳಿಗೆಯೊಡನೆ ಅಟ್ಟದಲ್ಲಿಡುವ ವಸ್ತು. ಹೋಗಿ ಬಂದವರ ಮನೆಗಳಲ್ಲಿ ಅಂಥವು ಸುಮ್ಮನೆ ಕೊಳೆಯುತ್ತಿವೆ. ಅವನ್ನು ಒಗೆಸಿ ಸಂಘದ ಕಚೇರಿಗೆ ಕೊಟ್ಟರೆ, ಹೊರಡುವವರು ಒಯ್ದು, ಬಂದ ಮೇಲೆ ಶುಚಿಮಾಡಿ ಹಿಂದಿರುಗಿಸಬಹುದು. ನಮ್ಮ ಹಿರಿಯರು ಪುಸ್ತಕಗಳನ್ನು ಹಂಚಿಕೊಂಡು ಓದಿ ಪದವಿ ಪಡೆದವರು. ನಾವು ಕೋಟುಗಳನ್ನು ಹಂಚಿಕೊಂಡು ಲೋಕ ನೋಡಿ ಬರೋಣ. ಯುವ ವಿಭಾಗದವರು ಮನಸ್ಸು ಮಾಡಿದರೆ ಬರುವ ಚಳಿಗಾಲಕ್ಕೇ ಇದು ಸಾಧ್ಯ.