ಹಳೇ ಪೋರ್ಷೆ 914 ಕೊಳ್ಳೋ ಮುಂಚೆ ಬ್ಯಾಟರಿ ಕೆಳಗೆ ಟಾರ್ಚ್ ಬಿಡಿ

ಇವತ್ತಿನ ವಿಷಯ ಸ್ವಲ್ಪ ದೂರದ್ದು, ಆದ್ರೆ ಕೇಳಿದವರು ನಮ್ಮವರೇ. ಕ್ಯಾಲಿಫೋರ್ನಿಯಾದಲ್ಲಿ ಕೆಲಸ ಮಾಡೋ ಕೇಳುಗರೊಬ್ಬರು ವಾಯ್ಸ್ ಮೆಸೇಜ್ ಕಳಿಸಿದ್ದಾರೆ. ಅವರಿಗೆ ಹಳೇ ಮಿಡ್ ಎಂಜಿನ್ ಸ್ಪೋರ್ಟ್ಸ್ ಕಾರು ಬೇಕು. ಫೆರಾರಿ ಕೈಗೆಟುಕಲ್ಲ, ಹಾಗಾಗಿ 1974ರ ಪೋರ್ಷೆ 914 ನೋಡಿಟ್ಟಿದ್ದಾರೆ. ಹೊಸದಾಗಿ ಕೆಂಪು ಪೇಂಟ್ ಹೊಡೆದಿದ್ದಾರಂತೆ, ಫೋಟೋದಲ್ಲಿ ಫಳಫಳ ಅಂತಿದೆ. ತಗೊಳ್ಳಲಾ ಬೇಡವಾ ಅನ್ನೋದು ಪ್ರಶ್ನೆ. ವರ್ಷಗಟ್ಟಲೆ ಕೂಡಿಟ್ಟ ದುಡ್ಡು ಬೇರೆ.

ಮೊದಲು ಮಿಡ್ ಎಂಜಿನ್ ಅಂದ್ರೇನು ಅಂತ ಎರಡು ಮಾತು. ನಮ್ಮ ಹೆಚ್ಚಿನ ಕಾರುಗಳಲ್ಲಿ ಎಂಜಿನ್ ಮುಂದೆ ಇರತ್ತೆ. ನ್ಯಾನೋದಲ್ಲಿ ಹಿಂದೆ ಇತ್ತು. ಮಿಡ್ ಎಂಜಿನ್ ಕಾರಿನಲ್ಲಿ ಅದು ಮುಂದಿನ ಮತ್ತು ಹಿಂದಿನ ಆಕ್ಸಲ್‌ಗಳ ನಡುವೆ ಕೂತಿರತ್ತೆ. ಸೀಟಿನ ಕೆಳಗೆ ಎಂಜಿನ್ ಇದ್ದ ಮಾರುತಿ ಓಮ್ನಿಯೂ ಒಂದು ಲೆಕ್ಕದಲ್ಲಿ ಇದೇ ಜಾತಿ, ನಗಬೇಡಿ! 914ರಲ್ಲಿ ಎಂಜಿನ್ ಡ್ರೈವರ್ ಬೆನ್ನ ಹಿಂದೆ, ಹಿಂಬದಿಯ ಆಕ್ಸಲ್‌ಗಿಂತ ಸ್ವಲ್ಪ ಮುಂದೆ ಇದೆ. ಭಾರವೆಲ್ಲ ನಡುವೆ ಇರೋದ್ರಿಂದ ತಿರುವಿನಲ್ಲಿ ಕಾರು ಚುರುಕಾಗಿ ಹೊರಳತ್ತೆ. ಮುಂದೊಂದು, ಹಿಂದೊಂದು ಅಂತ ಎರಡು ಡಿಕ್ಕಿ ಬೇರೆ.

ಈ ಕಾರು ಪೋರ್ಷೆ ಮತ್ತು ಫೋಕ್ಸ್‌ವ್ಯಾಗನ್ ಸೇರಿ ಮಾಡಿದ್ದು. 1969ರಲ್ಲಿ ಫ್ರಾಂಕ್‌ಫರ್ಟ್ ಮೋಟಾರ್ ಶೋನಲ್ಲಿ ಬಂತು, 1976ಕ್ಕೆ ನಿಂತಿತು. ನಾಲ್ಕು ಸಿಲಿಂಡರ್‌ನ ಕಾರು ಸುಮಾರು 1,15,000 ತಯಾರಾಗಿವೆ, ಅದಕ್ಕೆ ಫೋಕ್ಸ್‌ವ್ಯಾಗನ್ ಎಂಜಿನ್. 911ರ ಎಂಜಿನ್ ಹಾಕಿದ ಆರು ಸಿಲಿಂಡರ್‌ನ 914/6 ಇದೆಯಲ್ಲ, ಅದು ಸುಮಾರು 3,300 ಮಾತ್ರ. ಹಾಗಾಗಿ ಅದರ ಬೆಲೆಯೇ ಬೇರೆ, ಮೋಸವೂ ಅಲ್ಲೇ ಜಾಸ್ತಿ. ನಾಲ್ಕು ಸಿಲಿಂಡರ್ ಕಾರಿಗೆ ಆಮೇಲೆ ಆರರ ಎಂಜಿನ್ ಕೂರಿಸಿದವರು ಬೇಕಾದಷ್ಟು ಜನ ಇದ್ದಾರೆ. ಚಾಸಿ ನಂಬರ್ ನೋಡಿ. ಅಸಲಿ 914/6ರ ನಂಬರ್ ಶುರುವಾಗೋದೇ 914ರಿಂದ, ನಾಲ್ಕು ಸಿಲಿಂಡರ್‌ದು 47ರಿಂದ.

ಈಗ ನಮ್ಮ ಕೇಳುಗರ ಕೆಂಪು ಕಾರಿಗೆ ಬರೋಣ. ಹಳೇ ಕಾರು ಅಂದ ತಕ್ಷಣ ಎಲ್ಲರೂ ಕೇಳೋದು "ಎಂಜಿನ್ ಹೇಗಿದೆ?" ಅಂತ. ಈ ಕಾರಿಗೆ ಅದು ಎರಡನೇ ಪ್ರಶ್ನೆ. ಎಂಜಿನ್ ಕೆಟ್ಟಿದ್ರೆ ಇಳಿಸಿ ರಿಪೇರಿ ಮಾಡಿಸಬಹುದು, ಮೆಕ್ಯಾನಿಕ್ ಮೊದಲೇ ಒಂದು ಅಂದಾಜು ಹೇಳ್ತಾನೆ. ತುಕ್ಕಿಗೆ ಆ ಅಂದಾಜೇ ಸಿಗಲ್ಲ. ಹಳೇ ಹಂಚಿನ ಮನೆಯ ತೊಲೆಗೆ ಗೆದ್ದಲು ಹಿಡಿದ ಹಾಗೆ, ಕೆರೆದು ನೋಡೋವರೆಗೂ ಎಷ್ಟು ಹೋಗಿದೆ ಅಂತ ಯಾರಿಗೂ ಗೊತ್ತಾಗಲ್ಲ.

ಅದಕ್ಕೆ ಕಾರಣ ಇದರ ಕಟ್ಟಡ. 914ರ ಮೇಲ್ಛಾವಣಿ ಕಳಚಿ ಇಡೋ ಫೈಬರ್‌ಗ್ಲಾಸ್ ಹಾಳೆ. ಮಾಮೂಲಿ ಕಾರಿನಲ್ಲಿ ಛಾವಣಿಯೂ ಭಾರ ಹೊರತ್ತೆ, ಇಲ್ಲಿ ಹೊರಲ್ಲ. ಇಡೀ ಕಾರಿನ ಗಟ್ಟಿತನ ನಿಂತಿರೋದು ಎರಡೂ ಬಾಗಿಲುಗಳ ಕೆಳಗೆ ಉದ್ದಕ್ಕೆ ಹೋಗೋ ಉಕ್ಕಿನ ಟೊಳ್ಳು ತೊಲೆಗಳ ಮೇಲೆ. ಇವಕ್ಕೆ ಲಾಂಗಿಟ್ಯೂಡಿನಲ್ ಅಂತಾರೆ. ಇವು ತಿಂದುಹೋದ್ರೆ ಕಾರು ನಡುವಲ್ಲೇ ಬಾಗತ್ತೆ.

ಇಷ್ಟು ಮುಖ್ಯವಾದ ತೊಲೆಯ ಮೇಲ್ಗಡೆ ಕಂಪನಿಯವರು ಏನಿಟ್ಟರು ಗೊತ್ತಾ? ಬ್ಯಾಟರಿ. ಎಂಜಿನ್ ಇರೋ ಜಾಗದಲ್ಲೇ, ಬಲಬದಿಯಲ್ಲಿ. ಎಂಜಿನ್ ಮುಚ್ಚಳ ಜಾಲರಿಯದು, ಮಳೆ ನೀರು ನೇರ ಒಳಗೆ ಬೀಳತ್ತೆ. ಆ ನೀರು ಬ್ಯಾಟರಿಯ ಆಸಿಡ್ ಜೊತೆ ಸೇರಿ ಮೊದಲು ಬ್ಯಾಟರಿ ಕೂರೋ ತಟ್ಟೆಯನ್ನ ತಿನ್ನತ್ತೆ. ಅಲ್ಲಿಂದ ಕೆಳಗಿಳಿದು ಹಿಂದಿನ ಬಲ ಚಕ್ರದ ಸಸ್ಪೆನ್ಷನ್ ಹಿಡಿದಿರೋ ಭಾಗವನ್ನ, ಅದರ ಜೊತೆ ತೊಲೆಯನ್ನ ತಿನ್ನತ್ತೆ. ಅಮೆರಿಕದಲ್ಲಿ ಈ ಕಾರು ಇಟ್ಟವರು ಆ ಜಾಗಕ್ಕೆ ಹೆಲ್ ಹೋಲ್ ಅಂತ ಹೆಸರಿಟ್ಟಿದ್ದಾರೆ. ನರಕದ ಗುಂಡಿ! ಸಸ್ಪೆನ್ಷನ್ ಕಿತ್ತುಕೊಂಡು ಬಂದ್ರೆ ಹೈವೇಯಲ್ಲಿ ಹಿಂದಿನ ಚಕ್ರ ದಾರಿ ತಪ್ಪತ್ತೆ. ಅಂದ್ರೆ ಇದು ಬರೀ ದುಡ್ಡಿನ ವಿಷಯ ಅಲ್ಲ.

"ಇದು ಕ್ಯಾಲಿಫೋರ್ನಿಯಾ ಕಾರು, ತುಕ್ಕೇ ಇಲ್ಲ" ಅಂತ ಮಾರೋವ್ರು ಹೇಳೋದುಂಟು. ಅರ್ಧ ನಿಜ. ಮಿಶಿಗನ್ ತರದ ಹಿಮ ಬೀಳೋ ರಾಜ್ಯಗಳಲ್ಲಿ ರಸ್ತೆಗೆ ಉಪ್ಪು ಹಾಕ್ತಾರೆ, ಅಲ್ಲಿನ ಕಾರು ಎಲ್ಲ ಕಡೆಯಿಂದ ತಿಂದುಹೋಗಿರತ್ತೆ. ಕ್ಯಾಲಿಫೋರ್ನಿಯಾದಲ್ಲಿ ಆ ಕಾಟ ಕಡಿಮೆ. ಆದ್ರೆ ಬ್ಯಾಟರಿ ಆಸಿಡ್‌ಗೆ ಊರು ಯಾವುದಾದ್ರೇನು?

ಹಾಗಾಗಿ ನೋಡೋಕೆ ಹೋದಾಗ ಟಾರ್ಚ್, ಸಣ್ಣ ಮ್ಯಾಗ್ನೆಟ್, ಒಂದು ಹಳೇ ಚಾಪೆ ತಗೊಂಡು ಹೋಗಿ. ಒಳ್ಳೆ ಬಟ್ಟೆ ಹಾಕ್ಕೊಂಡು ಹೋಗ್ಬೇಡಿ. ಮೊದಲು ಬ್ಯಾಟರಿ ತೆಗೆಸಿ ಅದರ ಕೆಳಗೆ ಟಾರ್ಚ್ ಬಿಡಿ. ಆಮೇಲೆ ನೆಲಕ್ಕೆ ಮಲಗಿ, ಬಲ ಹಿಂಚಕ್ರದ ಹತ್ತಿರ ಕೆಳಗಿನಿಂದ ನೋಡಿ. ಬಾಗಿಲ ಕೆಳಗಿನ ಹೊರ ಪಟ್ಟಿಯನ್ನ ಸ್ಕ್ರೂ ಬಿಚ್ಚಿ ತೆಗೀಬಹುದು. ಅದನ್ನ ತೆಗೆದ್ರೇನೇ ಹಿಂದಿನ ತೊಲೆ ಕಾಣೋದು. ಮ್ಯಾಗ್ನೆಟ್ ಎಲ್ಲಿ ಹಿಡಿಯಲ್ವೋ ಅಲ್ಲಿ ತಗಡಿಲ್ಲ, ಪುಟ್ಟಿ ಇದೆ ಅಂತ ಅರ್ಥ.

ಇನ್ನೊಂದು ಪರೀಕ್ಷೆಗೆ ಯಾವ ಸಾಮಾನೂ ಬೇಡ. ಛಾವಣಿ ಕಳಚಿ ಬಾಗಿಲು ಮುಚ್ಚಿ, ಬಾಗಿಲ ಹಿಂಬದಿಯ ಸಂದನ್ನ ಮೇಲಿಂದ ಕೆಳಗಿನವರೆಗೆ ನೋಡಿ. ಒಂದೇ ಅಗಲ ಇರಬೇಕು. ಮೇಲೆ ಕಿರಿದಾಗಿ ಕೆಳಗೆ ಅಗಲವಾಗಿದ್ರೆ ಕಾರು ನಡು ಬಗ್ಗಿಸಿದೆ. ಜ್ಯಾಕ್ ಹಾಕಿ ಎತ್ತಿದಾಗ ಬಾಗಿಲು ಬಿಗಿಯಾದ್ರೂ ಅದೇ ಕಥೆ. ಇವೆರಡರಲ್ಲಿ ಯಾವುದು ಕಂಡ್ರೂ ನಾನಾದ್ರೆ ಥ್ಯಾಂಕ್ಸ್ ಹೇಳಿ ಮನೆಗೆ ಬರ್ತೀನಿ. ಕಾಲು ಬೆಲೆಗೆ ಕೊಟ್ರೂ ಬೇಡ. ಇಡೀ ಬಾಡಿಯನ್ನ ಅಳತೆಗೆ ಕಟ್ಟಿ ನಿಲ್ಲಿಸಿ, ತೊಲೆ ಕೊಯ್ದು, ಹೊಸ ತಗಡು ಬೆಸೆಯೋ ಟಿಂಕರಿಂಗ್ ಕೆಲಸಕ್ಕೆ ಅಮೆರಿಕದ ಕೂಲಿ ಲೆಕ್ಕ ಹಾಕಿದ್ರೆ ಕಾರಿನ ಬೆಲೆಯನ್ನೇ ದಾಟಬಹುದು. ಹೊಸ ಪೇಂಟ್ ಅಂದ್ರೆ ನನಗೆ ಅನುಮಾನ ಬರೋದೂ ಇದಕ್ಕೇ. ಮೇಲೆ ಥಳುಕು, ಒಳಗೆ ಹುಳುಕು ಅಂತಾರಲ್ಲ. ಪೇಂಟ್ ಹೊಡೆಯೋಕ್ ಮುಂಚಿನ ಫೋಟೋ ಕೇಳಿ. ಸರಿಯಾಗಿ ಕೆಲಸ ಮಾಡಿಸಿದವರು ಹೆಜ್ಜೆ ಹೆಜ್ಜೆಗೂ ಫೋಟೋ ತೆಗೆದಿಟ್ಟಿರ್ತಾರೆ, ಕೇಳಿದ್ರೆ ಹೆಮ್ಮೆಯಿಂದ ತೋರಿಸ್ತಾರೆ.

ತುಕ್ಕು ಆದ್ಮೇಲೆ ಬೆಂಕಿ. ಈ ಕಾರಿನ ಪೆಟ್ರೋಲ್ ಟ್ಯಾಂಕ್ ಮುಂದೆ, ಎಂಜಿನ್ ಹಿಂದೆ. ಪೆಟ್ರೋಲ್ ಕಾರಿನ ನಡುವಿನ ಸುರಂಗದಲ್ಲಿ ಹಾಯೋ ಪ್ಲಾಸ್ಟಿಕ್ ಪೈಪಿನಲ್ಲಿ ಬರತ್ತೆ. 50 ವರ್ಷದ ಪ್ಲಾಸ್ಟಿಕ್ ಕಡ್ಡಿಯಂತೆ ಮುರಿಯತ್ತೆ. ಎಂಜಿನ್ ಹತ್ತಿರದ ರಬ್ಬರ್ ಹೋಸ್‌ಗಳು ಒಣಗಿ ಬಿರುಕು ಬಿಟ್ಟಿರ್ತವೆ. ಇವತ್ತಿನ ಎಥೆನಾಲ್ ಬೆರೆತ ಪೆಟ್ರೋಲ್ ಹಳೇ ರಬ್ಬರ್‌ಗೆ ಇನ್ನೂ ಕೆಟ್ಟದು. ಫ್ಯೂಯಲ್ ಇಂಜೆಕ್ಷನ್ ಇರೋದ್ರಿಂದ ಒಳಗೆ ಒತ್ತಡ ಬೇರೆ ಇರತ್ತೆ, ಸಣ್ಣ ಬಿರುಕಾದ್ರೂ ಪೆಟ್ರೋಲ್ ಕಾದ ಎಂಜಿನ್ ಮೇಲೆ ಚಿಮ್ಮತ್ತೆ. ಎಂಜಿನ್ ಬೆನ್ನ ಹಿಂದೆ ಇದೆ ಅನ್ನೋದು ನೆನಪಿರಲಿ, ಹೊಗೆ ನಿಮಗೆ ತಡವಾಗಿ ಕಾಣತ್ತೆ. ಪೈಪು ಬದಲಾಯಿಸಿದ ಬಿಲ್ ಇಲ್ಲದಿದ್ರೆ, ಕೊಂಡ ಕಾರನ್ನ ಓಡಿಸಿಕೊಂಡು ಬರ್ಬೇಡಿ. ಟ್ರಕ್ ಮೇಲೆ ನೇರ ಗ್ಯಾರೇಜಿಗೆ ತಗೊಂಡು ಹೋಗಿ. ಬೆಂಕಿ ಆರಿಸೋ ಸಿಲಿಂಡರ್ ಮೊದಲ ದಿನದಿಂದಲೇ ಕಾರಿನಲ್ಲಿರಲಿ.

ಎಂಜಿನ್ ಬಗ್ಗೆ ಕಡಿಮೆ ಹೇಳ್ತೀನಿ. 1974ರ ಅಮೆರಿಕದ ಕಾರಿನಲ್ಲಿ 1.8 ಅಥವಾ 2.0 ಲೀಟರ್ ಎಂಜಿನ್ ಇರತ್ತೆ. 2.0ಗೆ ಬೇಡಿಕೆ ಹೆಚ್ಚು. ಗಾಳಿಯಿಂದ ತಣಿಯೋ ಎಂಜಿನ್, ರೇಡಿಯೇಟರ್ ಇಲ್ಲ. ನೀವು ಹೋಗೋವರೆಗೆ ಸ್ಟಾರ್ಟ್ ಮಾಡ್ಬೇಡಿ ಅಂತ ಮೊದಲೇ ಹೇಳಿಡಿ, ತಣ್ಣಗಿದ್ದಾಗ ಹೇಗೆ ಸ್ಟಾರ್ಟ್ ಆಗತ್ತೆ ಅನ್ನೋದು ಕಾಣಬೇಕು. ಸ್ವಲ್ಪ ಆಯಿಲ್ ಸೋರಿದ್ರೆ ಗಾಬರಿ ಬೇಡ. ಎಲ್ಲ ಸಿಲಿಂಡರ್‌ಗಳ ಕಂಪ್ರೆಷನ್ ಹತ್ತಿರ ಹತ್ತಿರ ಬರ್ಬೇಕು. ಇಂಜೆಕ್ಷನ್ ಕಿತ್ತು ಕಾರ್ಬ್ಯುರೇಟರ್ ಹಾಕಿದ್ರೆ, ಕಿತ್ತ ಭಾಗಗಳು ಇವೆಯಾ ಕೇಳಿ. ಗೇರ್ ಲಿವರ್ ಹುಳಿ ಕಲಕೋ ಸೌಟಿನ ಹಾಗೆ ಆಡಿದ್ರೆ ಹೆಚ್ಚಾಗಿ ಬುಷ್ ಸವೆದಿರೋದು, ಅದು ದೊಡ್ಡ ಖರ್ಚಲ್ಲ. ಎರಡನೇ ಗೇರ್ ಕಿರ್ರ್ ಅಂದ್ರೆ ಮಾತ್ರ ಗೇರ್‌ಬಾಕ್ಸ್ ಬಿಚ್ಚಬೇಕಾಗಬಹುದು. ಅಂದಹಾಗೆ, ಇದರಲ್ಲಿ ಫಸ್ಟ್ ಗೇರ್ ಎಡಕ್ಕೆ ಕೆಳಗಿದೆ, ಟೆಸ್ಟ್ ಡ್ರೈವ್‌ನಲ್ಲಿ ರಿವರ್ಸ್ ಹಾಕಿಬಿಟ್ಟೀರಿ ಜೋಕೆ.

ಟೈರಿನ ಪಕ್ಕದಲ್ಲಿರೋ ನಾಲ್ಕು ಅಂಕಿ ಓದಿ. 2316 ಅಂದ್ರೆ 2016ರ 23ನೇ ವಾರ ತಯಾರಾದದ್ದು. ಟ್ರೆಡ್ ಎಷ್ಟೇ ಚೆನ್ನಾಗಿದ್ರೂ ಅಷ್ಟು ಹಳೇ ಟೈರು ಬೇಡ. ತಿರುವಿನ ನಡುವೆ ಹೆದರಿ ಆಕ್ಸಿಲರೇಟರ್ ಬಿಟ್ರೆ ಮಿಡ್ ಎಂಜಿನ್ ಕಾರು ಗಿರಕಿ ಹೊಡೆಯತ್ತೆ. ಗಟ್ಟಿಯಾದ ರಬ್ಬರ್ ಇದ್ರೆ ಇನ್ನೂ ಬೇಗ.

ಕಾಗದಪತ್ರದಲ್ಲಿ ಒಂದು ಅನುಕೂಲ ಇದೆ. ಕ್ಯಾಲಿಫೋರ್ನಿಯಾದಲ್ಲಿ 1975 ಮತ್ತು ಅದಕ್ಕಿಂತ ಹಳೇ ಮಾಡೆಲ್‌ನ ಪೆಟ್ರೋಲ್ ಕಾರುಗಳಿಗೆ ಹೊಗೆ ತಪಾಸಣೆ ಇಲ್ಲ. ಹಾಗಾಗಿ 1974ರ ಕಾರು ಪಾರು. ಇದೇ 914ರ 1976ರ ಮಾಡೆಲ್ ತಗೊಂಡ್ರೆ ತಪಾಸಣೆ ಉಂಟು, ಎಂಜಿನ್ ಬದಲಾಯಿಸಿದ ಕಾರಾದ್ರೆ ತಲೆನೋವೂ ಉಂಟು. ಮುಂದೊಂದು ದಿನ ಊರಿಗೆ ತರ್ಬಹುದಾ ಅಂತಲೂ ಕೇಳಿದ್ದಾರೆ. ಎಡಗಡೆ ಸ್ಟೀರಿಂಗ್, ಆಮದು ನಿಯಮ, ಸುಂಕ, ನೋಂದಣಿ ಎಲ್ಲ ಸೇರಿ ಅದು ಬೇರೆಯದೇ ಸಂಚಿಕೆ.

ಸದ್ಯಕ್ಕೆ ಕೆಂಪು ಕಾರಿನವರಿಗೆ ಒಂದು ಮೆಸೇಜ್ ಹಾಕಿ ಸಾಕು. ಬ್ಯಾಟರಿ ತೆಗೆದು ಅದರ ಕೆಳಗಿನ ಒಂದು ಫೋಟೋ, ಬಾಗಿಲ ಸಂದಿನ ಎರಡು ಫೋಟೋ. ಕಳಿಸಿದ್ರೆ, ಏರ್ ಕೂಲ್ಡ್ ಪೋರ್ಷೆ ಗೊತ್ತಿರೋ ಮೆಕ್ಯಾನಿಕ್‌ಗೆ ಫೀಸು ಕೊಟ್ಟು ಜೊತೆಗೆ ಕರ್ಕೊಂಡು ಹೋಗಿ. "ನಾಳೆ ಬೇರೆಯವರು ಅಡ್ವಾನ್ಸ್ ಕೊಡ್ತಿದ್ದಾರೆ" ಅಂತ ಉತ್ತರ ಬಂದ್ರೆ, ಅವರೇ ತಗೊಳ್ಳಲಿ ಬಿಡಿ. ಫೋಟೋ ಬಂದ್ರೆ ನನಗೂ ಒಂದು ಕಳಿಸಿ. ಮುಂದಿನ ವಾರ ಸಿಗೋಣ.