ಹಿತ್ತಲ ಬಾಗಿಲಿನ ನರ

ಮೆದುಳಿನಿಂದ ನೇರವಾಗಿ ಹೊರಡುವ ಹನ್ನೆರಡು ಜೋಡಿ ನರಗಳಲ್ಲಿ ಹನ್ನೊಂದು ಜೋಡಿಗೆ ಮುಂಬಾಗಿಲೋ ಪಕ್ಕದ ಬಾಗಿಲೋ ಸಾಕು. ನಾಲ್ಕನೆಯದಕ್ಕೆ ಮಾತ್ರ ಹಿತ್ತಲ ಬಾಗಿಲೇ ಆಗಬೇಕು. ಮೆದುಳು ಕಾಂಡದ ಬೆನ್ನ ಕಡೆಯಿಂದ ಅದು ಹೊರಬೀಳುತ್ತದೆ. ಹೊರಬೀಳುವ ಮುಂಚೆಯೇ ಎಡದ್ದು ಬಲಕ್ಕೆ, ಬಲದ್ದು ಎಡಕ್ಕೆ ದಾಟಿಕೊಂಡಿರುತ್ತದೆ. ಆಮೇಲೆ ಇಡೀ ಕಾಂಡವನ್ನು ಬಳಸಿ ಮುಂದಕ್ಕೆ ಬಂದು ಕಣ್ಣುಗೂಡು ಹೊಗುತ್ತದೆ. ಇಷ್ಟೆಲ್ಲ ಸುತ್ತಿ ಬಂದು ಮಾಡುವುದು ಒಂದೇ ಒಂದು ಪುಟ್ಟ ಸ್ನಾಯುವಿನ ಚಾಕರಿ. ಟ್ರೋಕ್ಲಿಯರ್ ಎಂಬ ಈ ನರದ ಬಗ್ಗೆ ಓದಿದ್ದೆ. ಕಣ್ಣಾರೆ ಕಂಡದ್ದು ಈಚೆಗೆ, ಮೆಡಿಕಲ್ ಕಾಲೇಜೊಂದರ ಡಿಸೆಕ್ಷನ್ ಹಾಲಿನಲ್ಲಿ. ಆ ಗುಂಗು ಇನ್ನೂ ಇಳಿದಿಲ್ಲ.

ಬೆಂಗಳೂರಿನ ನಿಮ್ಹಾನ್ಸ್‌ನ ಮೆದುಳು ಸಂಗ್ರಹಾಲಯಕ್ಕೆ ನಿಮ್ಮಲ್ಲಿ ಕೆಲವರಾದರೂ ಹೋಗಿರಬಹುದು. ಅಲ್ಲಿ ಗ್ಲೌಸ್ ತೊಟ್ಟು ನಿಜವಾದ ಮನುಷ್ಯನ ಮೆದುಳನ್ನೇ ಕೈಯಲ್ಲಿ ಹಿಡಿಯಲು ಬಿಡುತ್ತಾರೆ. ಅಂಥದೊಂದು ಮೆದುಳನ್ನು ತಿರುಗಿಸಿ ಅಡಿಭಾಗ ನೋಡಿದರೆ ಕಣ್ಣಿನ ಎರಡನೆಯ ನರ ಗಟ್ಟಿಮುಟ್ಟಾಗಿ ಕಾಣುತ್ತದೆ, ಐದನೆಯದು ದಪ್ಪಗೆ ಕಾಣುತ್ತದೆ. ನಾಲ್ಕನೆಯದನ್ನು ಹುಡುಕಿದರೆ ನಿರಾಸೆಯೇ ಹೆಚ್ಚು. ಹನ್ನೆರಡರಲ್ಲಿ ಅತಿ ತೆಳುವಾದದ್ದು ಅದೇ. ತಲೆಬುರುಡೆಯೊಳಗೆ ಅತಿ ಉದ್ದ ನಡೆಯುವುದೂ ಅದೇ. ಮೆದುಳನ್ನು ಹೊರತೆಗೆಯುವಾಗ ಕಿತ್ತುಹೋಗಲು ಇದಕ್ಕಿಂತ ಬೇರೆ ಕಾರಣ ಬೇಕಿಲ್ಲ.

ಹಾಗಾಗಿ ಅನಾಟಮಿ ಕಲಿಸುವ ಸ್ನೇಹಿತೆ, "ಫಸ್ಟ್ ಇಯರ್ ಹುಡುಗರಿಗೆ ಆರ್ಬಿಟ್ ಬಿಡಿಸಿಟ್ಟಿದ್ದೀನಿ, ನಾಲ್ಕನೇದೂ ಸಿಕ್ಕಿದೆ, ಬೇಕಾದ್ರೆ ಬನ್ನಿ" ಎಂದಾಗ ಹೊರಟೇಬಿಟ್ಟೆ. ಆಕೆ ಕಣ್ಣನ್ನು ಮುಂದಿನಿಂದ ಬಿಡಿಸಿರಲಿಲ್ಲ. ಮೆದುಳು ತೆಗೆದ ಬುರುಡೆಯ ಒಳಗಡೆಯಿಂದ, ಕಣ್ಣುಗೂಡಿನ ಚಾವಣಿಯ ತೆಳು ಮೂಳೆಯನ್ನು ಚಕ್ಕೆ ಚಕ್ಕೆಯಾಗಿ ಎಬ್ಬಿಸಿ, ಮೇಲಿಂದ ತೆರೆದಿದ್ದರು. ನಾನು ಅಂದುಕೊಂಡಿದ್ದಕ್ಕಿಂತ ಅಲ್ಲಿ ಕೊಬ್ಬು ಜಾಸ್ತಿ, ಕಣ್ಣುಗುಡ್ಡೆ ಚಿಕ್ಕದು. ಗುಡ್ಡೆಯ ಸುತ್ತ ಆರು ಸ್ನಾಯು: ನಾಲ್ಕು ನೇರ, ಎರಡು ಓರೆ. ಮೂರನೆಯ ನರ ನಾಲ್ಕನ್ನು ನೋಡಿಕೊಳ್ಳುತ್ತದೆ, ಆರನೆಯದು ಹೊರಬದಿಯ ಒಂದನ್ನು, ನಾಲ್ಕನೆಯದು ಮೇಲಿನ ಓರೆ ಸ್ನಾಯುವನ್ನು. "ಎಲ್‌ಆರ್ ಸಿಕ್ಸ್, ಎಸ್‌ಓ ಫೋರ್" ಎಂದು ವೈವಾಕ್ಕೆ ಮುಂಚೆ ಜಪಿಸದ ಎಂಬಿಬಿಎಸ್ ವಿದ್ಯಾರ್ಥಿ ಇರಲಿಕ್ಕಿಲ್ಲ.

ಚಿಮಟದ ತುದಿಯಲ್ಲಿ ಆಕೆ ಎತ್ತಿ ತೋರಿಸಿದ್ದು ಹೊಲಿಗೆ ನೂಲಿನಷ್ಟೂ ದಪ್ಪವಿರದ ಒಂದು ಬಿಳಿ ಎಳೆ. ಅದು ಹೋಗಿ ಸೇರಿದ ಸ್ನಾಯು ಗೂಡಿನ ಹಿಂತುದಿಯಲ್ಲಿ ಹುಟ್ಟಿ, ಮೂಗಿನ ಬದಿಯ ಗೋಡೆಯ ಮೇಲಂಚಿಗೆ ಅಂಟಿಕೊಂಡು ಮುಂದಕ್ಕೆ ಬರುತ್ತದೆ. ಹುಬ್ಬಿನ ಒಳತುದಿಯ ಹತ್ತಿರ ಮೂಳೆಗೆ ಕಚ್ಚಿಕೊಂಡ ಮೃದ್ವಸ್ಥಿಯ ರಾಟೆಯೊಂದಿದೆ. ಸ್ನಾಯುವಿನ ಹುರಿ ಅದರೊಳಗೆ ನುಸುಳಿ, ಬಂದ ದಿಕ್ಕಿಗೇ ಓರೆಯಾಗಿ ಹಿಂತಿರುಗಿ, ಗುಡ್ಡೆಯ ಮೇಲ್ಭಾಗಕ್ಕೆ, ಅದರ ಹಿಂದಿನ ಅರ್ಧದಲ್ಲಿ ನಾಟಿಕೊಳ್ಳುತ್ತದೆ. ಸ್ನೇಹಿತೆ ಸ್ನಾಯುವನ್ನು ಹಿಂದಿನಿಂದ ಮೆಲ್ಲಗೆ ಜಗ್ಗಿದರು. ಹುರಿ ರಾಟೆಯಲ್ಲಿ ಜಾರಿತು, ಗುಡ್ಡೆಯ ಹಿಂಭಾಗ ಮೇಲೆದ್ದಿತು, ಮುಂಭಾಗ ಕೆಳಗೆ ತಿರುಗಿತು! ಮೇಲೆ ಕಟ್ಟಿದ ಸ್ನಾಯು ಕಣ್ಣನ್ನು ಕೆಳಗೆ ನೋಡಿಸುತ್ತದೆ. ಇನ್ನೊಮ್ಮೆ ಜಗ್ಗಿ ಎಂದೆ. ಮತ್ತೂ ಒಮ್ಮೆ ಎಂದೆ. ಪಕ್ಕದ ಮೇಜಿನ ಹುಡುಗರು ನಕ್ಕರು.

ಈ ರಾಟೆಯನ್ನು ಸರಿಯಾಗಿ ವಿವರಿಸಿದವನು ಇಟಲಿಯ ಗೇಬ್ರಿಯೆಲೆ ಫಲೋಪಿಯೊ. ಗರ್ಭನಾಳಗಳಿಗೆ ಇಂದಿಗೂ ಅವನದೇ ಹೆಸರು. 1561ರ ತನ್ನ ಪುಸ್ತಕದಲ್ಲಿ ಅವನು, ಅನಾಟಮಿಯ ಮಹಾಗುರು ವೆಸೇಲಿಯಸ್ ಮನುಷ್ಯನ ಕಣ್ಣಿಗೆ ಏಳನೆಯ ಸ್ನಾಯುವೊಂದನ್ನು ಸೇರಿಸಿಬಿಟ್ಟಿದ್ದನ್ನೂ ತಿದ್ದಿದ. ಆ ಏಳನೆಯದು ಇರುವುದು ದನದಂಥ ಪ್ರಾಣಿಗಳಲ್ಲಿ. ಕಪಾಲ ನರಗಳ ಎಣಿಕೆಯದ್ದು ಇನ್ನೊಂದು ರಾಮಾಯಣ. ಪ್ರಾಚೀನ ವೈದ್ಯ ಗೇಲನ್ ಏಳು ಜೋಡಿ ಎಂದ, ಸಾವಿರದ ಮುನ್ನೂರು ವರ್ಷ ಕಳೆದ ಮೇಲೂ ವೆಸೇಲಿಯಸ್ ಏಳೇ ಎಂದ. 1664ರಲ್ಲಿ ಇಂಗ್ಲೆಂಡಿನ ಥಾಮಸ್ ವಿಲ್ಲಿಸ್ ಒಂಬತ್ತಕ್ಕೆ ಏರಿಸಿದ. ಅವನ ಪುಸ್ತಕದ ಚಿತ್ರಗಳಲ್ಲಿ ಕೆಲವನ್ನು ಬರೆದುಕೊಟ್ಟವನು ಮುಂದೆ ಲಂಡನ್ನಿನ ಸೇಂಟ್ ಪಾಲ್ ಕೆಥಡ್ರಲ್ ಕಟ್ಟಿದ ಕ್ರಿಸ್ಟೊಫರ್ ರೆನ್. 1778ರಲ್ಲಿ ಜರ್ಮನಿಯ ಸೋಮರಿಂಗ್ ತನ್ನ ಪದವಿ ಪ್ರಬಂಧದಲ್ಲಿ ಹನ್ನೆರಡು ಎಂದು ಬರೆದ, ಅದೇ ನಿಂತಿತು. ನನಗೆ ಈ ಹನ್ನೆರಡರ ಮೇಲೆ ಅಷ್ಟೇನೂ ಭಕ್ತಿಯಿಲ್ಲ. ಮೊದಲೆರಡು, ಅಂದರೆ ವಾಸನೆಯದು ಮತ್ತು ನೋಟದ್ದು, ನರಗಳೇ ಅಲ್ಲ, ಮೆದುಳೇ ಹೊರಗೆ ಚಾಚಿಕೊಂಡದ್ದು. ಇವುಗಳಿಗೂ ಮುಂದೆ ಎಳೆಯಷ್ಟೇ ಇರುವ ಇನ್ನೊಂದು ನರವಿದೆ. ಲೆಕ್ಕ ಕೆಡಬಾರದೆಂದು ಅದಕ್ಕೆ ಸೊನ್ನೆಯ ಸಂಖ್ಯೆ ಕೊಟ್ಟು ಕೂರಿಸಿದ್ದಾರೆ.

ನಾಲ್ಕನೆಯದಕ್ಕೆ ಬರೋಣ. ಬೈಕಿನಿಂದ ಬಿದ್ದು ತಲೆಗೆ ಪೆಟ್ಟಾದವರಲ್ಲಿ ಈ ತೆಳು ನರ ಘಾಸಿಗೊಳ್ಳುವುದುಂಟು. ಆಗ ಒಂದು ವಸ್ತು ಎರಡಾಗಿ, ಒಂದರ ಮೇಲೊಂದು ಕಾಣುತ್ತದೆ. ಎದುರಿಗೆ ನೋಡುವಾಗ ಹೇಗೋ ಸಂಭಾಳಿಸಬಹುದು. ಮೆಟ್ಟಿಲು ಇಳಿಯುವಾಗ, ಪುಸ್ತಕ ಓದುವಾಗ ಫಜೀತಿ. ಕಣ್ಣು ಮೂಗಿನ ಕಡೆಗೂ ಕೆಳಕ್ಕೂ ತಿರುಗಿದಾಗಲೇ ಈ ಸ್ನಾಯುವಿನ ಅಗತ್ಯ ಹೆಚ್ಚು. ಇದಕ್ಕೆ ರೋಗಿ ತನಗೆ ತಿಳಿಯದೆಯೇ ಕಂಡುಕೊಳ್ಳುವ ಉಪಾಯ ತಲೆ ವಾಲಿಸುವುದು. ಬಲಗಣ್ಣಿನ ನರ ಸೋತಿದ್ದರೆ ತಲೆ ಎಡಭುಜದ ಕಡೆ ವಾಲುತ್ತದೆ, ಎರಡು ಬಿಂಬ ಒಂದಾಗುತ್ತವೆ. ಹುಟ್ಟಿನಿಂದಲೇ ಹೀಗಿರುವವರು ಎಷ್ಟೋ ವರ್ಷ ತೊಂದರೆಯೇ ಗೊತ್ತಾಗದೆ ಬದುಕುತ್ತಾರೆ. ನಡುವಯಸ್ಸಿನಲ್ಲಿ ಬಿಂಬ ಎರಡಾಗಿ ಕಂಡು ಗಾಬರಿಯಿಂದ ಬಂದವರಿಗೆ ಕಣ್ಣಿನ ಡಾಕ್ಟರು ಹಳೆಯ ಫೋಟೊ ತನ್ನಿ ಎನ್ನುತ್ತಾರೆ. ಮದುವೆ ಆಲ್ಬಮ್ಮಿನಲ್ಲಿ, ಶಾಲೆಯ ಗ್ರೂಪ್ ಫೋಟೊದಲ್ಲಿ, ತೊಟ್ಟಿಲ ಮಗುವಿನ ಚಿತ್ರದಲ್ಲಿ ತಲೆ ಒಂದೇ ಕಡೆ ವಾಲಿದ್ದರೆ ತೊಂದರೆ ಹಳೆಯದೆಂದು ತಿಳಿಯುತ್ತದೆ. ಇದನ್ನು ಕೇಳಿ ಮನೆಗೆ ಬಂದು ನಮ್ಮ ಮನೆತನದ ಆಲ್ಬಮ್ಮನ್ನೆಲ್ಲ ಹರಡಿಕೊಂಡು ಕೂತೆ. ವಾಲಿದ ತಲೆಗಳು ಬೇಕಾದಷ್ಟು ಸಿಕ್ಕವು. ಅವೆಲ್ಲ ಸ್ಟುಡಿಯೊದವನು ವಾಲಿಸಿದ್ದು.

"ಕಿವಿ ನೋಡ್ದೆ ಹೋದ್ರೆ ಕಥೆ ಅರ್ಧಕ್ಕೇ ನಿಲ್ಲುತ್ತೆ" ಎಂದು ಸ್ನೇಹಿತೆ ಕೊರೆದು ಬಿಡಿಸಿದ ಕಿವಿಮೂಳೆಯೊಂದನ್ನು ಮುಂದಿಟ್ಟರು. ಕಣ್ಣಿನ ಕಥೆಗೂ ಕಿವಿಗೂ ಏನು ಸಂಬಂಧ ಎಂದು ಕೇಳುವಷ್ಟರಲ್ಲಿ ನನ್ನ ಗಮನ ಬೇರೆ ಕಡೆ ಹರಿಯಿತು. ನಡುಗಿವಿಯಲ್ಲಿ ಎರಡು ಸ್ನಾಯು, ಎರಡಕ್ಕೂ ಬೇರೆ ಬೇರೆ ಯಜಮಾನರು. ತಮಟೆಗೆ ಅಂಟಿದ ಮ್ಯಾಲಿಯಸ್ ಮೂಳೆಯನ್ನು ಎಳೆಯುವ ಸ್ನಾಯು ಐದನೆಯ ನರದ ಅಧೀನ, ದವಡೆಯ ಜಗಿಯುವ ಸ್ನಾಯುಗಳ ಹಾಗೆ. ಸ್ಟೇಪಿಸ್ ಮೂಳೆಯನ್ನು ಎಳೆಯುವ, ಇಡೀ ದೇಹದಲ್ಲೇ ಅತಿ ಚಿಕ್ಕದಾದ ಸ್ನಾಯು ಏಳನೆಯದರ, ಅಂದರೆ ಮುಖದ ನರದ ಅಧೀನ. ಮುಖದ ಒಂದು ಬದಿ ಸೋತವರಲ್ಲಿ ಕೆಲವರಿಗೆ ಆ ಬದಿಯ ಕಿವಿಗೆ ಪಾತ್ರೆ ಸದ್ದೂ ಅಬ್ಬರವಾಗಿ ಕೇಳುವುದು ಇದೇ ಕಾರಣಕ್ಕೆ. ಒಂದೇ ಕೋಣೆಯಲ್ಲಿ ಯಾಕೆ ಈ ಹಂಚಿಕೆ? 1837ರಲ್ಲಿ ರೈಖರ್ಟ್ ಎಂಬ ಜರ್ಮನ್ ವಿಜ್ಞಾನಿ ಭ್ರೂಣಗಳನ್ನು ನೋಡಿ ಕಂಡುಕೊಂಡದ್ದು ಇಷ್ಟು: ಮ್ಯಾಲಿಯಸ್ ಮತ್ತು ಅದರ ಪಕ್ಕದ ಇನ್ಕಸ್, ಸರೀಸೃಪಗಳಲ್ಲಿ ದವಡೆಯ ಕೀಲಾಗಿರುವ ಮೂಳೆಗಳೇ. ಮೂಳೆ ಕಿವಿಗೆ ವಲಸೆ ಬಂತು, ದವಡೆಯ ನರ ಅದರ ಬೆನ್ನು ಬಿಡಲಿಲ್ಲ. ನಾಲಿಗೆಯ ಮುಂಭಾಗದ ರುಚಿ ಒಯ್ಯುವ ಎಳೆಯೊಂದು ಈ ಎರಡು ಮೂಳೆಗಳ ನಡುವೆಯೇ ಹಾದುಹೋಗುತ್ತದೆ. ಕಿವಿಯ ಆಪರೇಷನ್ ಆದವರು ಕೆಲವು ದಿನ ಬಾಯೆಲ್ಲ ಲೋಹದ ರುಚಿ ಎಂದರೆ ನಂಬಿ. ಗುಗ್ಗೆ ತೆಗೆಯಲು ಕಿವಿಗೆ ಕಡ್ಡಿ ಹಾಕಿದರೆ ಕೆಲವರಿಗೆ ಕೆಮ್ಮು ಬರುವುದು ಹತ್ತನೆಯ ನರದ ಕವಲಿನಿಂದ. ಗಂಟಲು, ಹೃದಯ, ಹೊಟ್ಟೆಯನ್ನು ನೋಡಿಕೊಳ್ಳುವ ಆ ನರಕ್ಕೆ ಕಿವಿಯಲ್ಲೇನು ಕೆಲಸವೋ!

ಸ್ನೇಹಿತೆ ತೋರಿಸಬೇಕೆಂದಿದ್ದು ಇನ್ನೂ ಒಳಗಿನದು: ಒಂದಕ್ಕೊಂದು ಲಂಬವಾಗಿ ನಿಂತ ಮೂರು ಅರ್ಧವೃತ್ತಾಕಾರದ ನಾಳಗಳು. ಈಗ ನಿಮ್ಮ ಕೈಯಲ್ಲಿರುವ ಈ ಪುಟವನ್ನು ಅಲುಗದೆ ಹಿಡಿದು ತಲೆಯನ್ನು ಬೇಗ ಬೇಗ ಎಡಕ್ಕೂ ಬಲಕ್ಕೂ ಆಡಿಸಿ. ಅಕ್ಷರ ಓದಬಹುದು. ತಲೆ ನಿಲ್ಲಿಸಿ, ಪುಟವನ್ನು ಅಷ್ಟೇ ವೇಗದಲ್ಲಿ ಆಡಿಸಿ. ಓದಲಾಗದು. ಮೊದಲನೆಯದರಲ್ಲಿ ಕಣ್ಣನ್ನು ತಿರುಗಿಸಿದ್ದು ಕಿವಿ. ನಾಳದ ದ್ರವ ಹೊರಳಿದ ಸುದ್ದಿ ಬರೀ ಮೂರು ನರಕೋಶಗಳ ಸರಪಳಿಯಲ್ಲಿ, ಸೆಕೆಂಡಿನ ನೂರನೇ ಒಂದು ಭಾಗದ ಆಸುಪಾಸಿನಲ್ಲಿ, ಕಣ್ಣಿನ ಸ್ನಾಯು ತಲುಪುತ್ತದೆ. ಯಾವ ನಾಳ ಯಾವ ಸ್ನಾಯುವಿಗೆ ಎಂಬ ನಂಟನ್ನು 1950ರಲ್ಲಿ ಬಿಡಿಸಿ ತೋರಿಸಿದವನು ಹಂಗೆರಿಯ ಯಾನೋಶ್ ಸೆಂಟಾಗೊಟೈ. ಪ್ರತಿ ನಾಳಕ್ಕೂ ತನ್ನದೇ ಸ್ನಾಯು ಜೋಡಿ. ಬಲಗಿವಿಯ ಹಿಂದಿನ ನಾಳದ ಸುದ್ದಿ ಮೆದುಳು ಕಾಂಡದಲ್ಲಿ ಎಡಕ್ಕೆ ದಾಟುತ್ತದೆ. ಅಲ್ಲಿ ಕಾದಿರುವ ನಾಲ್ಕನೆಯ ನರದ ಕೋಶಗಳು ಮತ್ತೆ ಬಲಕ್ಕೆ ದಾಟುವ ಎಳೆಯನ್ನು ಕಳಿಸುತ್ತವೆ. ಎರಡು ಸಲ ದಾಟಿ ಆಜ್ಞೆ ಬಲಗಣ್ಣಿನ ರಾಟೆಗೇ ಬರುತ್ತದೆ! ಹಿಂಬದಿಯಿಂದಲೇ ಯಾಕೆ ಹೊರಡಬೇಕು ಎಂಬುದಕ್ಕೆ ಇದು ಉತ್ತರವಲ್ಲ, ಒಪ್ಪುತ್ತೇನೆ. ಮೀನಿನಿಂದ ಮನುಷ್ಯನವರೆಗೆ ಅದು ಹಾಗೇ ಇದೆ. ಆದರೆ ಕಣ್ಣಿಗೊಂದು ಅಧ್ಯಾಯ, ಕಿವಿಗೊಂದು ಅಧ್ಯಾಯ, ನರಗಳಿಗೊಂದು ಪಟ್ಟಿ ಎಂದು ಕಲಿಸುವ ಪುಸ್ತಕಗಳ ಮೇಲೆ ನನಗೆ ಅಂದಿನಿಂದ ಮುನಿಸು.

ಹಾಸಿಗೆಯಲ್ಲಿ ಮಗ್ಗುಲು ತಿರುಗಿದೊಡನೆ ಕೋಣೆಯೇ ಗಿರ್ರನೆ ಸುತ್ತಿದಂತಾಗುವ ಕಾಯಿಲೆ ನಿಮ್ಮ ಮನೆಯಲ್ಲೂ ಯಾರಿಗಾದರೂ ಇದ್ದೀತು. ಒಳಗಿವಿಯ ಸುಣ್ಣದ ಹರಳುಗಳು ಜಾಗ ತಪ್ಪಿ ನಾಳಕ್ಕೆ ಬೀಳುತ್ತವೆ. ತಗ್ಗಿನಲ್ಲಿರುವುದರಿಂದ ಹೆಚ್ಚಾಗಿ ಹಿಂದಿನ ನಾಳಕ್ಕೇ. 1952ರಲ್ಲಿ ಡಿಕ್ಸ್ ಮತ್ತು ಹಾಲ್‌ಪೈಕ್ ಎಂಬಿಬ್ಬರು ಹೇಳಿಕೊಟ್ಟ ಪರೀಕ್ಷೆಯಲ್ಲಿ ಡಾಕ್ಟರು ರೋಗಿಯ ತಲೆಯನ್ನು ಒಂದು ಬದಿಗೆ ತಿರುಗಿಸಿ ಸರ್ರನೆ ಹಿಂದಕ್ಕೆ ಮಲಗಿಸುತ್ತಾರೆ. ಆಮೇಲೆ ನೋಡುವುದು ಕಿವಿಯನ್ನಲ್ಲ, ಕಣ್ಣನ್ನು. ಆ ನಾಳದ ಸುಳ್ಳು ಸುದ್ದಿಯನ್ನು ನಂಬಿ ನಾಲ್ಕನೆಯ ನರ ಸ್ನಾಯುವನ್ನು ಜಗ್ಗುತ್ತದೆ, ಕಣ್ಣು ತನ್ನ ಅಚ್ಚಿನ ಮೇಲೆ ಹೊರಳಿ ಹೊರಳಿ ಮರಳುತ್ತದೆ. ತಿಂಗಳುಗಟ್ಟಲೆ ತಲೆಸುತ್ತಿನ ಗುಳಿಗೆ ನುಂಗಿದವರಿಗೂ ತಲೆಯನ್ನು ಕ್ರಮವಾಗಿ ತಿರುಗಿಸಿ ಹರಳನ್ನು ಹೊರಳಿಸಿಬಿಟ್ಟರೆ ಎಷ್ಟೋ ಸಲ ಅಲ್ಲೇ ಗುಣ ಸಿಗುತ್ತದೆ. ಅಮೆರಿಕದ ಜಾನ್ ಎಪ್ಲಿ ಈ ಉಪಾಯ ಮುಂದಿಟ್ಟಾಗ ಸಹೋದ್ಯೋಗಿಗಳೇ ಬಹುಕಾಲ ನಂಬಿರಲಿಲ್ಲ. ಅವನ ಪ್ರಸಿದ್ಧ ಲೇಖನ ಅಚ್ಚಾದದ್ದು 1992ರಲ್ಲಿ. ಈಗ ಅದು ಎಲ್ಲ ಇಎನ್‌ಟಿ ವಿಭಾಗಗಳ ಮಾಮೂಲಿ ಕೆಲಸ, ಹೊರರೋಗಿ ಕೋಣೆಯ ಮಂಚದ ಮೇಲೆ ಕೆಲವೇ ನಿಮಿಷದ್ದು.