ಬೈಸಿಕಲ್ಲಿನ ಮೇಲೆ ಮೈಸೂರಿಗೆ

ಪತ್ರಿಕಾಕರ್ತನು ಒಬ್ಬನೇ ಇದ್ದರೂ ತನ್ನನ್ನು 'ನಾವು' ಎಂದು ಕರೆದುಕೊಳ್ಳುವುದು ಬಹುಕಾಲದ ರೂಢಿ. ಆದಕಾರಣ, ಈಚೆಗೆ ಮಾಘಮಾಸದ ಒಂದು ಶನಿವಾರ ನಾವು ಕೆಂಗೇರಿಯಿಂದ ಮೈಸೂರಿಗೆ ಬೈಸಿಕಲ್ಲಿನ ಮೇಲೆ ಹೋದೆವೆಂದು ಹೇಳಿದರೆ ವಾಚಕರು ದೊಡ್ಡದೊಂದು ತಂಡವನ್ನು ಊಹಿಸಿಕೊಳ್ಳಬಾರದು. ಹೋದವರು ಒಬ್ಬರೇ. ವಯಸ್ಸು ಐವತ್ತನ್ನು ದಾಟಿದುದು. ಗೇರುಗಳಿಲ್ಲದ ಹಳೆಯ ಸೈಕಲ್ಲು. ಹಿಂದಿನ ಕ್ಯಾರಿಯರಿನಲ್ಲಿ ಒಂದು ಪಂಚೆ, ಒಂದು ಟವಲು, ಕುಡಿಯುವ ನೀರು, ಒಂದು ಪಂಪು. ಮನೆಯವರು, "ಬಸ್ಸಿದೆ, ರೈಲಿದೆ, ಈ ವಯಸ್ಸಿನಲ್ಲಿ ಇದೇನು ಹಟ?" ಎಂದು ಕೇಳಿದರು. ಆಗ ತಕ್ಕ ಉತ್ತರ ತೋಚಲಿಲ್ಲ. ಈಗ ತೋಚಿದೆ, ಅದನ್ನು ಮನೆಯವರೊಡನೆ ವಾಚಕರಿಗೂ ಅರಿಕೆಮಾಡುವೆವು.

ಬೆಂಗಳೂರು-ಮೈಸೂರು ಹೊಸ ಹೆದ್ದಾರಿಯು 2023ನೆಯ ಮಾರ್ಚ್ 12ರಂದು ಉದ್ಘಾಟನೆಯಾಯಿತು. ಸುಮಾರು 118 ಕಿಲೋಮೀಟರ್ ಉದ್ದದ, ಎಂಟು ಸಾವಿರ ಕೋಟಿ ರೂಪಾಯಿಗೂ ಮಿಕ್ಕಿದ ವೆಚ್ಚದ ಮಾರ್ಗವಿದು. ನಡುವೆ ವೇಗದ ವಾಹನಗಳಿಗೆ ಆರು ಪಥಗಳು. ಎರಡು ಮಗ್ಗುಲಲ್ಲಿಯೂ ಊರವರ ಉಪಯೋಗಕ್ಕೆಂದು ಸರ್ವಿಸ್ ರಸ್ತೆ. ಬಿಡದಿ, ರಾಮನಗರ-ಚನ್ನಪಟ್ಟಣ, ಮದ್ದೂರು, ಮಂಡ್ಯ, ಶ್ರೀರಂಗಪಟ್ಟಣ, ಈ ಊರುಗಳನ್ನೆಲ್ಲ ಐದು ಬೈಪಾಸುಗಳಿಂದ ಬಳಸಿಕೊಂಡು ಹೋಗುವಂತೆ ಮಾಡಿರುವರು. ಮೂರು ಗಂಟೆಯ ಪ್ರಯಾಣವು ಹೆಚ್ಚುಕಡಮೆ ಒಂದೂವರೆ ಗಂಟೆಗೆ ಇಳಿಯಿತು. ನಾವೂ ಇದರಲ್ಲಿ ಹಲವು ಸಲ ಮೋಟಾರಿನಲ್ಲಿ ಹೋಗಿದ್ದೇವೆ; ಸುಖವನ್ನು ಅನುಭವಿಸಿ ಹೊಗಳಿಯೂ ಇದ್ದೇವೆ. ಆದರೆ ಅಷ್ಟು ಸಲ ಹೋದರೂ ದಾರಿಯಲ್ಲಿ ಒಂದೂರನ್ನೂ ಕಾಣಲಿಲ್ಲವೆಂಬುದು ಒಂದು ದಿನ ಇದ್ದಕ್ಕಿದ್ದಂತೆ ಹೊಳೆಯಿತು. ಊರುಗಳ ಹೆಸರು ಹಸುರು ಫಲಕಗಳ ಮೇಲೆ ಮಾತ್ರ ಉಳಿದಿದ್ದುವು. ಊರುಗಳು ಏನಾದುವು? ಇದನ್ನು ತಿಳಿಯಬೇಕಾದರೆ ನಿಧಾನವಾಗಿ ಹೋಗಬೇಕೆಂದು ನಿಶ್ಚಯಿಸಿದೆವು.

ಹೆದ್ದಾರಿಯ ನಡುವಣ ಪಥಗಳಲ್ಲಿ ಬೈಸಿಕಲ್ಲಿಗೆ ಪ್ರವೇಶವಿಲ್ಲ. 2023ನೆಯ ಆಗಸ್ಟ್ 1ರಿಂದ ಮೋಟಾರು ಸೈಕಲ್ಲು, ಆಟೋರಿಕ್ಷಾ, ಟ್ರಾಕ್ಟರು, ಬೈಸಿಕಲ್ಲು, ಎತ್ತಿನ ಗಾಡಿ, ಇವೆಲ್ಲವನ್ನೂ ಅಲ್ಲಿ ನಿಷೇಧಿಸಿರುವರು. ಈ ನಿಷೇಧವನ್ನು ನಾವು ಆಕ್ಷೇಪಿಸುವವರಲ್ಲ. ಗಂಟೆಗೆ ನೂರು ಕಿಲೋಮೀಟರ್ ಓಡುವ ಮೋಟಾರೂ ಹದಿನೈದು ಕಿಲೋಮೀಟರ್ ಸಾಗುವ ಸೈಕಲ್ಲೂ ಒಂದೇ ಪಥದಲ್ಲಿದ್ದರೆ ಆಗುವ ಅನಾಹುತವೇನೆಂಬುದನ್ನು ಆ ಮಾರ್ಗದ ಮೊದಲ ತಿಂಗಳುಗಳೇ ತೋರಿಸಿಕೊಟ್ಟುವು. ಒಬ್ಬನನ್ನು ನಡುಮನೆಯಿಂದ ಎಬ್ಬಿಸುವುದು ಅವನ ಕ್ಷೇಮಕ್ಕಾಗಿಯೇ ಇರಬಹುದು. ಆದರೆ ಅವನಿಗೆ ಜಗುಲಿಯನ್ನಾದರೂ ಹಸನಾಗಿ ಬಿಟ್ಟುಕೊಡಬೇಕಷ್ಟೆ. ಆ ಜಗುಲಿ ಹೇಗಿದೆಯೆಂಬುದನ್ನು ನೋಡುವುದೂ ನಮ್ಮ ಸವಾರಿಯ ಒಂದು ಉದ್ದೇಶವಾಗಿದ್ದಿತು.

ಬೆಳಗಿನ ಜಾವ ಐದು ಗಂಟೆಗೆ ಕೆಂಗೇರಿಯನ್ನು ಬಿಟ್ಟೆವು. ಸೈಕಲ್ಲು ತುಳಿಯುವವನಿಗೆ ಭೂಗೋಳವು ಪುಸ್ತಕದಿಂದಲ್ಲ, ಮೊಣಕಾಲಿನಿಂದ ತಿಳಿಯುತ್ತದೆ. ಬೆಂಗಳೂರು ಸಮುದ್ರಮಟ್ಟಕ್ಕೆ 900 ಮೀಟರಿಗೂ ಮೇಲಿದೆ. ಮಂಡ್ಯವು 700 ಮೀಟರಿಗೂ ಕೆಳಗೆ. ಆದುದರಿಂದ ಮಂಡ್ಯದವರೆಗೆ ಒಟ್ಟಿನಲ್ಲಿ ಇಳಿಜಾರು. ಕಾವೇರಿಯನ್ನು ದಾಟಿದ ಮೇಲೆ ಮೈಸೂರಿಗೆ ಏರು. ಮಾಘದಲ್ಲಿ ಗಾಳಿ ಮೂಡಲಿಂದ ಬೀಸುವುದರಿಂದ ಬೆನ್ನಿಗೊಂದು ಕೈ ಸಿಕ್ಕಿದಂತಾಗಿತ್ತು. ಆಷಾಢದಲ್ಲಿ ಇದೇ ದಾರಿಯಲ್ಲಿ ಎದುರುಗಾಳಿಗೆ ತುಳಿದವರಿಗೆ ಈ ಉಪಕಾರದ ಬೆಲೆ ಗೊತ್ತು.

ಬಿಡದಿಯಲ್ಲಿ ಬೆಳಗಾಯಿತು. ತಟ್ಟೆಯಿಡ್ಡಲಿಯ ಹಬೆ ಹಳೆಯ ರಸ್ತೆಯ ಉದ್ದಕ್ಕೂ ತೇಲುತ್ತಿತ್ತು. ಎರಡು ಇಡ್ಡಲಿ ಮುಗಿಸಿ ರಾಮನಗರದ ಬಂಡೆಗಳ ಕಡೆಗೆ ತುಳಿದೆವು. ಒಂದು ಕಾಲದಲ್ಲಿ ಕ್ಲೋಸ್ ಎಂಬ ಆಂಗ್ಲ ಸೇನಾಧಿಕಾರಿಯ ಹೆಸರಿನಿಂದ ಕ್ಲೋಸ್‌ಪೇಟೆಯೆನಿಸಿದ್ದ ಈ ಊರು ರಾಮನಗರವಾಯಿತು. ಇದು ಕೇಂದ್ರವಾಗಿದ್ದ ಜಿಲ್ಲೆಯ ಹೆಸರನ್ನು 2025ರಲ್ಲಿ ಬೆಂಗಳೂರು ದಕ್ಷಿಣವೆಂದು ಬದಲಾಯಿಸಿದರು. ಹೆಸರುಗಳು ಎಷ್ಟು ಬದಲಾದರೂ ರೇಷ್ಮೆಗೂಡಿನ ಮಾರುಕಟ್ಟೆಗೆ ರೈತರು ಬರುವುದು ತಪ್ಪಿಲ್ಲ. ರಾತ್ರಿಯೇ ಹೊರಟು ಬಂದವರು ಗೂಡಿನ ಮೂಟೆಗಳ ಬಳಿ ಕಾಫಿ ಕುಡಿಯುತ್ತ ದರದ ಮಾತಾಡುತ್ತಿದ್ದರು. ರಾಮದೇವರ ಬೆಟ್ಟದ ಬಂಡೆಗಳಲ್ಲಿ ಗೂಡುಕಟ್ಟುವ ಉದ್ದಕೊಕ್ಕಿನ ರಣಹದ್ದುಗಳಿಗಾಗಿ 2012ರಲ್ಲಿ ಅಭಯಧಾಮವನ್ನು ಏರ್ಪಡಿಸಿರುವರು. ಹದ್ದೊಂದೂ ನಮ್ಮ ಕಣ್ಣಿಗೆ ಬೀಳಲಿಲ್ಲ. ಆದರೆ ಅರ್ಕಾವತಿಯ ಸೇತುವೆಯ ಮೇಲೆ ಸೈಕಲ್ಲನ್ನು ಒರಗಿಸಿ ಬೆಟ್ಟವನ್ನು ಎಷ್ಟು ಹೊತ್ತಾದರೂ ನೋಡುತ್ತ ನಿಲ್ಲುವ ಸ್ವಾತಂತ್ರ್ಯ ನಮಗಿತ್ತು. ಹೆದ್ದಾರಿಯ ಮೋಟಾರಿನವರಿಗೆ ಅದಿಲ್ಲ.

ಚನ್ನಪಟ್ಟಣಕ್ಕೆ ಎರಡು ಮೈಲಿಯಿರುವಾಗ ಹಿಂದಿನ ಚಕ್ರದ ಗಾಳಿ ಇಳಿಯಿತು. ಲಾರಿಯ ಹರಿದ ಟೈರಿನಿಂದ ಉದುರಿದ ಕೂದಲಿನಷ್ಟು ಸಣ್ಣ ತಂತಿ! ಸೈಕಲ್ಲನ್ನು ತಳ್ಳಿಕೊಂಡು ಊರು ಸೇರಿ ಒಂದು ಸೈಕಲ್ ಷಾಪನ್ನು ಕಂಡುಹಿಡಿದೆವು. ಅಂಗಡಿಯ ವೃದ್ಧ ಸಾಹೇಬರು ಟ್ಯೂಬನ್ನು ನೀರಿನ ಬಾಣಲಿಯಲ್ಲಿ ಅದ್ದಿ, ಗುಳ್ಳೆ ಎದ್ದ ಕಡೆ ಉಜ್ಜಿ, ಪ್ಯಾಚು ಅಂಟಿಸುತ್ತ, "ಇಂಥ ಗಾಡಿ ಮುಟ್ಟಿ ಬಹಳ ದಿನ ಆಯ್ತು ಸಾರ್. ಈಗ ಬರೋದೆಲ್ಲ ಮಕ್ಕಳ ಸೈಕಲ್ಲು" ಎಂದರು. ವ್ಯಾಪಾರ ಹೇಗಿದೆ ಸಾಹೇಬರೆ ಎಂದುದಕ್ಕೆ, ರಸ್ತೆಯ ಆಚೆಬದಿಯ ಗೊಂಬೆಯಂಗಡಿಗಳನ್ನು ಗಲ್ಲದಿಂದ ತೋರಿಸಿ, "ಅವರನ್ನ ಕೇಳಿ" ಎಂದಷ್ಟೇ ಹೇಳಿದರು.

ಕೇಳಿದೆವು. ಹಾಲೆಮರದ ಹದವಾದ ತುಂಡನ್ನು ಲೇತಿನ ಮೇಲೆ ತಿರುಗಿಸಿ, ತಿರುಗುವಾಗಲೇ ಬಣ್ಣದ ಅರಗನ್ನು ಒತ್ತಿ, ಆ ಉಜ್ಜುವ ಬಿಸಿಗೆ ಅರಗು ಕರಗಿ ಮರದೊಳಗೆ ಸೇರುವಂತೆ ಮಾಡುವ ಈ ಕುಶಲವಿದ್ಯೆ ಚನ್ನಪಟ್ಟಣದ ಕೀರ್ತಿಗೆ ಕಾರಣವಾದುದು. ಬೇರೆಯವರು ಈ ಹೆಸರನ್ನು ಬಳಸದಂತೆ ಭೌಗೋಳಿಕ ಗುರುತಿನ ರಕ್ಷೆಯೂ ಇದಕ್ಕಿದೆ. ಆದರೆ ಹೆಸರಿಗೆ ಕೊಟ್ಟ ರಕ್ಷೆ ಅಂಗಡಿಯವನ ಗಲ್ಲಾಪೆಟ್ಟಿಗೆಯನ್ನು ಕಾಯದು. ಮೈಸೂರಿಗೆ ಹೋಗುವ ಪ್ರತಿಯೊಂದು ಮೋಟಾರೂ ಅಂಗಡಿಯ ಮುಂದೆಯೇ ಹಾಯುತ್ತಿದ್ದಾಗ ಹಟಹಿಡಿದ ಮಗುವೊಂದೇ ಸಾಕಾಗಿತ್ತು ಗೊಂಬೆ ಮಾರಲು. ಈಗ ಮೋಟಾರುಗಳು ಊರಾಚೆ ಹಾಯುತ್ತವೆ, ಮಗುವಿಗೆ ಗೊಂಬೆ ಕಾಣುವುದೇ ಇಲ್ಲ, ಹಟವೆಲ್ಲಿ ಬಂತು? ಅಂಗಡಿಯ ಹೆಂಗಸು ತೂಕದ ಮಾತೊಂದನ್ನು ಆಡಿದರು: "ಧೂಳು ಕಮ್ಮಿ ಆಯ್ತು ಸ್ವಾಮಿ, ಗಲಾಟೆ ಕಮ್ಮಿ ಆಯ್ತು, ಅದರ ಜೊತೆಗೇ ವ್ಯಾಪಾರಾನೂ ಕಮ್ಮಿ ಆಯ್ತು." ಇದರಲ್ಲಿ ಲಾಭನಷ್ಟಗಳೆರಡೂ ಇವೆ. ಲಾರಿಗಳ ಕಾಟ ತಪ್ಪಿ ಹಳೆಯ ರಸ್ತೆಯಲ್ಲಿ ಸೈಕಲ್ ತುಳಿಯುವುದು ಸುಖವಾಗಿದೆಯೆಂಬುದನ್ನು ನಾವು ಮುಚ್ಚಿಡುವುದಿಲ್ಲ. ಆ ಸುಖ ಇನ್ನೊಬ್ಬರ ನಷ್ಟದಿಂದ ಬಂದುದೆಂಬುದನ್ನೂ ಮುಚ್ಚಿಡಲಾರೆವು.

ನಿಡಘಟ್ಟವನ್ನು ಹಾಯ್ದು ಹತ್ತೂವರೆಗೆ ಮದ್ದೂರಿಗೆ ಬಂದೆವು. 1917ರಲ್ಲಿ ಇಲ್ಲಿಯ ರೈಲು ನಿಲ್ದಾಣದಲ್ಲಿ ರಾಮಚಂದ್ರ ಬುಧ್ಯರು ಮೊದಲು ಮಾಡಿದರೆಂದು ಪ್ರತೀತಿಯಿರುವ ವಡೆಯನ್ನು ತಿನ್ನದೆ ಹೋಗುವುದು ಅಪಚಾರ, ತಿಂದೆವು. ಅನಂತರ ಶಿವಪುರದ ಸತ್ಯಾಗ್ರಹ ಸೌಧದ ಮುಂದೆ ಇಳಿದು ನಿಂತೆವು. 1938ನೆಯ ಏಪ್ರಿಲ್ 9ರಿಂದ ಇಲ್ಲಿ ಟಿ. ಸಿದ್ಧಲಿಂಗಯ್ಯನವರ ಅಧ್ಯಕ್ಷತೆಯಲ್ಲಿ ಮೈಸೂರು ಕಾಂಗ್ರೆಸ್ಸಿನ ಅಧಿವೇಶನ ನಡೆದು, ನಿಷೇಧಾಜ್ಞೆಯನ್ನು ಲೆಕ್ಕಿಸದೆ ರಾಷ್ಟ್ರಧ್ವಜವನ್ನು ಏರಿಸಿದರು. ಅದೇ ತಿಂಗಳ 25ರಂದು ವಿದುರಾಶ್ವತ್ಥದಲ್ಲಿ ಗುಂಡು ಹಾರಿತು. ಕೊನೆಗೆ ಸಂಸ್ಥಾನದ ಸರ್ಕಾರ ಧ್ವಜದ ವಿಷಯದಲ್ಲಿ ಒಪ್ಪಂದಕ್ಕೆ ಬರಬೇಕಾಯಿತು. ಅಂದು ಶಿವಪುರಕ್ಕೆ ಬಂದ ಸಾವಿರಾರು ಜನ ಹಳ್ಳಿಗಳಿಂದ ಕಾಲ್ನಡೆಯಲ್ಲಿ, ಎತ್ತಿನ ಗಾಡಿಗಳಲ್ಲಿ ಬಂದವರು. ಅವರು ನಡೆದುಬಂದುದು ಇದೇ ಸೀಮೆಯ ಹಾದಿಗಳಲ್ಲಿ. ನಾಡಿನ ಸ್ವಾತಂತ್ರ್ಯವು ನಿಧಾನವಾಗಿ ನಡೆಯುವವರಿಂದ ಬಂದುದು; ಆ ನಾಡಿನ ರಸ್ತೆಯಲ್ಲಿ ನಿಧಾನವಾಗಿ ನಡೆಯುವವನಿಗೆ ಏನು ಸ್ಥಾನವೆಂಬ ಪ್ರಶ್ನೆ ಅಲ್ಲಿಂದ ಮುಂದೆ ನಮ್ಮನ್ನು ಬಿಡಲಿಲ್ಲ.

ಉತ್ತರವೂ ಬೇಗ ಸಿಕ್ಕಿತು. ಮದ್ದೂರಿಗೂ ಮಂಡ್ಯಕ್ಕೂ ನಡುವೆ ಸರ್ವಿಸ್ ರಸ್ತೆಯಲ್ಲಿ ಸೈಕಲ್ಲಿಗೆ ಹುಲ್ಲಿನ ಹೊರೆ ಕಟ್ಟಿ ತಳ್ಳಿಕೊಂಡು ಬರುತ್ತಿದ್ದ ಮುದುಕರೊಬ್ಬರು ನಮ್ಮನ್ನು ತಡೆದು, "ಎಲ್ಲಿಗ್ ಸ್ವಾಮಿ?" ಎಂದರು.

"ಮೈಸೂರಿಗೆ ಗೌಡರೆ."

"ಸೈಕಲ್ಲಲ್ಲೇ? ಯಾಕ್ ಸ್ವಾಮಿ, ಬಸ್ಸಿಗೆ ಕಾಸಿರ್ನಿಲ್ವಾ?"

ಇಬ್ಬರೂ ನಕ್ಕೆವು. ಬೇಲಿಯ ಆಚೆ, ಆರು ಪಥಗಳನ್ನು ದಾಟಿದ ಕಡೆ ಇರುವ ಒಂದು ಕಬ್ಬಿನ ಗದ್ದೆಯನ್ನು ತೋರಿಸಿ ಅವರೆಂದರು: "ಅಗೋ, ಅದೇ ನಮ್ ಗದ್ದೆ. ಮುಂಚೆ ಒಂದ್ ಬೀಡಿ ಹಚ್ಕಂಡ್ರೆ ಅದು ಮುಗಿಯೋದ್ರೊಳಗೆ ಗದ್ದೇಲಿರ್ತಿದ್ದೆ. ಈಗ ಅಲ್ಲೆಲ್ಲೋ ಅಡಿಸೇತ್ವೆ ಸುತ್ಕೊಂಡ್ ಬರ್ಬೇಕು. ಮಳೆ ಬಂದ್ರೆ ಅದ್ರಲ್ಲಿ ಮೊಣಕಾಲ್ ನೀರು. ಗದ್ದೆ ಕಣ್ಣಿಗ್ ಕಾಣ್ತದೆ, ಕಾಲಿಗ್ ಸಿಕ್ಕಕಿಲ್ಲ." ಸ್ವಲ್ಪ ತಡೆದು, "ರೋಡ್ ಚೆನ್ನಾಗೈತೆ ಸ್ವಾಮಿ. ನಮ್ಗಲ್ಲ ಅಷ್ಟೆ" ಎಂದು ಹೊರೆಯನ್ನು ಸರಿಪಡಿಸಿಕೊಂಡು ಹೊರಟರು.

ಇನ್ನೂ ಸ್ವಲ್ಪ ಮುಂದೆ, ಶನಿವಾರದ ಬೆಳಗಿನ ಶಾಲೆ ಬಿಟ್ಟು ಹುಡುಗಿಯರು ನಾಲ್ವರು ಸೈಕಲ್ಲುಗಳ ಮೇಲೆ ನಮ್ಮ ಮುಂದೆ ಹೋಗುತ್ತಿದ್ದರು. ಕಬ್ಬು ತುಂಬಿದ ಟ್ರಾಕ್ಟರೊಂದು, ನಡುವಣ ಪಥಕ್ಕೆ ಹೋಗಲು ತನಗೂ ಅಪ್ಪಣೆಯಿಲ್ಲದುದರಿಂದ, ಸುತ್ತಿಬರುವ ಶ್ರಮವನ್ನು ಉಳಿಸಿಕೊಳ್ಳಲು ಅದೇ ಸರ್ವಿಸ್ ರಸ್ತೆಯಲ್ಲಿ ತಪ್ಪುದಿಕ್ಕಿನಿಂದ ಎದುರಾಗಿ ಬಂದಿತು. ಕಬ್ಬಿನ ಜಲ್ಲೆಗಳು ಎರಡು ಪಕ್ಕಕ್ಕೂ ಚಾಚಿದ್ದುವು. ಮೂವರು ಹೇಗೋ ಪಾರಾದರು; ಕೊನೆಯ ಹುಡುಗಿ ಸೈಕಲ್ಲಿನೊಡನೆ ಚರಂಡಿಗೆ ಇಳಿದಳು. ಟ್ರಾಕ್ಟರು ನಿಲ್ಲಲಿಲ್ಲ. ನಾವು ಓಡಿಹೋಗಿ ಸೈಕಲ್ಲನ್ನು ಎತ್ತಿದೆವು. ಮೊಣಕೈ ತರಚಿ ರಕ್ತ ಬಂದಿತ್ತು. ಲಂಗದ ಮಣ್ಣು ಕೊಡಹಿಕೊಳ್ಳುತ್ತ ಅವಳು, "ಏನಿಲ್ಲ ತಾತ, ದಿನಾ ಇದ್ದಿದ್ದೇ" ಎಂದಳು. ನಮ್ಮನ್ನು ತಾತನೆಂದುದಕ್ಕಿಂತ ಹೆಚ್ಚಾಗಿ ಆ 'ದಿನಾ ಇದ್ದಿದ್ದೇ' ಎಂಬ ಮಾತು ನಮ್ಮನ್ನು ನೋಯಿಸಿತು. ಹನ್ನೆರಡು ಹದಿಮೂರು ವರ್ಷದ ಹುಡುಗಿ ಅಪಾಯವನ್ನು ದಿನಚರಿಯಲ್ಲಿ ಸೇರಿಸಿಕೊಂಡಿರುವಳು!

ಮಂಡ್ಯದಲ್ಲಿ ಊಟಮಾಡಿ, ಒಂದು ಹುಣಿಸೆಮರದ ಕೆಳಗೆ ಟವಲು ಹಾಸಿ ಮಲಗಿದರೂ ನಿದ್ದೆ ಬರಲಿಲ್ಲ. ಕನ್ನಂಬಾಡಿಯ ಕಟ್ಟೆಯ ನೀರು ನಾಲೆಯಾಗಿ ಹರಿದು, 1933ರಲ್ಲಿ ಸಕ್ಕರೆಯ ಕಂಪೆನಿ ಸ್ಥಾಪಿತವಾಗಿ, 1939ರಲ್ಲಿ ಬೇರೆ ಜಿಲ್ಲೆಯೇ ಆದ ಸೀಮೆಯಿದು. ಅಂದು ನಾಲೆಯನ್ನು ತೋಡಿದವರು ನೀರನ್ನು ಹಿರಿಯ ಕಾಲುವೆಯಲ್ಲಿ ಹರಿಸಿ ಕೈತೊಳೆದುಕೊಳ್ಳಲಿಲ್ಲ. ಕಿರುಗಾಲುವೆಗಳನ್ನು ತೆಗೆದು ಒಬ್ಬೊಬ್ಬನ ಗದ್ದೆಯ ಬದುವಿನವರೆಗೂ ಮುಟ್ಟಿಸಿದರು. ಹಿರಿಯ ಕಾಲುವೆ ಎಷ್ಟು ಅಗಲವಾಗಿದ್ದರೇನು, ತೂಬಿಲ್ಲದಿದ್ದರೆ ಪಕ್ಕದ ಪೈರು ಒಣಗುವುದಷ್ಟೆ. ರಸ್ತೆಗೂ ಇದೇ ನ್ಯಾಯ.

ಬೈಸಿಕಲ್ಲಿನ ವಿಷಯದಲ್ಲಿ ಸರ್ಕಾರಗಳು ಏನನ್ನೂ ಮಾಡಿಲ್ಲವೆಂದು ಹೇಳುವುದು ಅನ್ಯಾಯವಾದೀತು. 2006-07ರಿಂದ ನಮ್ಮ ರಾಜ್ಯದಲ್ಲಿ ಎಂಟನೆಯ ತರಗತಿಯ ಮಕ್ಕಳಿಗೆ ಸೈಕಲ್ಲುಗಳನ್ನು ಹಂಚಿದರು. ಕೋವಿಡ್ ವ್ಯಾಧಿಯ ಕಾಲದಲ್ಲಿ ಅದು ನಿಂತಿತು. ಪಕ್ಕದ ತಮಿಳುನಾಡಿನ ಪುದುಕೋಟೆ ಜಿಲ್ಲೆಯಲ್ಲಿ 1990ರ ದಶಕದ ಆದಿಯಲ್ಲಿ ಸಾಕ್ಷರತೆಯ ಚಳವಳಿಯೊಡನೆಯೇ ಸಾವಿರಾರು ಹೆಂಗಸರು ಸೈಕಲ್ಲು ಕಲಿತರು. 2025ನೆಯ ಸೆಪ್ಟೆಂಬರ್ 22ರಿಂದ ಸೈಕಲ್ಲಿನ ಮೇಲಿನ ತೆರಿಗೆಯನ್ನು ಶೇಕಡಾ 12ರಿಂದ 5ಕ್ಕೆ ಇಳಿಸಿದರು. ಬೆಲೆ ಇಳಿಸಿದುದು ಸಂತೋಷ. ಆದರೆ ಅಗ್ಗವಾಗಿ ಕೊಂಡ ಸೈಕಲ್ಲನ್ನು ಮಕ್ಕಳು ಓಡಿಸಬೇಕಾದುದು ಎಲ್ಲಿ? ಚರಂಡಿಯಲ್ಲಿಯೇ?

ಆದುದರಿಂದ ಮಾರ್ಗಗಳ ಆಡಳಿತದವರಲ್ಲಿಯೂ ಜಿಲ್ಲಾಧಿಕಾರಿಗಳಲ್ಲಿಯೂ ನಮ್ಮ ವಿಜ್ಞಾಪನೆಯಿಷ್ಟು. ಸರ್ವಿಸ್ ರಸ್ತೆಯು ಒಂದೆರಡು ಕಡೆ ಇದ್ದಕ್ಕಿದ್ದಂತೆ ಮುಗಿದು ಸವಾರನನ್ನು ಕಲ್ಲುಮಣ್ಣಿನಲ್ಲಿ ಬಿಡುವುದನ್ನು ಅಂದು ಕಂಡೆವು; ಅದು ಎಡೆಬಿಡದೆ ಸಾಗಬೇಕು. ಅದರ ಅಂಚಿನಲ್ಲಿ ಸೈಕಲ್ಲಿಗೂ ಪಾದಚಾರಿಗೂ ಒಂದು ಪಟ್ಟಿಯನ್ನು ಬಣ್ಣ ಬಳಿದು ಗುರುತಿಸಬೇಕು. ತಪ್ಪುದಿಕ್ಕಿನಿಂದ ಬರುವವರನ್ನು, ಮುಖ್ಯವಾಗಿ ಶಾಲೆ ಬಿಡುವ ವೇಳೆಯಲ್ಲಿ, ತಡೆಯಬೇಕು. ಅಡಿಸೇತುವೆಗಳಲ್ಲಿ ದೀಪವೂ ನೀರು ಹರಿಯಲು ದಾರಿಯೂ ಇರಬೇಕು. ಬೈಪಾಸು ಅಗಲುವಲ್ಲಿ ಊರೊಳಗೆ ಏನಿದೆಯೆಂಬುದನ್ನು ತಿಳಿಸುವ ಫಲಕಗಳನ್ನು ನಿಲ್ಲಿಸಿದರೆ ಚನ್ನಪಟ್ಟಣದ ಗೊಂಬೆಯವರಿಗೂ ಮದ್ದೂರಿನ ಹೋಟೆಲಿನವರಿಗೂ ಅಷ್ಟರ ಮಟ್ಟಿಗಾದರೂ ನ್ಯಾಯ ದೊರಕುವುದು. ಎಂಟು ಸಾವಿರ ಕೋಟಿಯನ್ನು ವೇಗಕ್ಕಾಗಿ ವೆಚ್ಚಮಾಡಿದ ಮೇಲೆ ಇದು ಅಧಿಕವಾದ ಬೇಡಿಕೆಯೆಂದು ಯಾರೂ ಹೇಳಲಾರರು. ಇನ್ನೊಂದು ಮಾತು: ಈ ರಸ್ತೆಯ ವಿಚಾರಣೆಗೆ ಬರುವ ಅಧಿಕಾರಿಗಳು ಒಂದು ದಿನ, ಒಂದೇ ದಿನ, ಬೈಸಿಕಲ್ಲಿನ ಮೇಲೆ ಬರಲಿ. ಮೋಟಾರಿನ ಗಾಜಿನಿಂದ ಕಾಣದ ಹಳ್ಳಗಳೆಲ್ಲ ಆಗ ತಾವಾಗಿಯೇ ಅವರೊಡನೆ ಮಾತಾಡುವುವು.

ಸಂಜೆ ಲೋಕಪಾವನಿಯನ್ನು ದಾಟಿ ಶ್ರೀರಂಗಪಟ್ಟಣದಲ್ಲಿ ಕಾವೇರಿಗೆ ಇಳಿದು ಮುಖ ತೊಳೆದೆವು. 1804ರಲ್ಲಿ ಮುಗಿದ ವೆಲ್ಲೆಸ್ಲಿ ಸೇತುವೆಯ ಕಲ್ಲಿನ ಕಂಬಗಳು ನೀರಿನಲ್ಲಿ ನಿಂತೇ ಇವೆ. ಅದರ ಮೇಲೆ ಮೊದಲು ಹಾಯ್ದುಹೋದುವು ಗಾಡಿಗಳೂ ಕಾಲುಗಳೂ. ಕೊನೆಯ ಏರಿನಲ್ಲಿ ಮೊಣಕಾಲು ವಯಸ್ಸನ್ನು ನೆನಪಿಸಿತು. ಎರಡು ಕಡೆ ಇಳಿದು ತಳ್ಳಿದೆವೆಂದು ಒಪ್ಪಿಕೊಳ್ಳುವುದರಲ್ಲಿ ನಾಚಿಕೆಯಿಲ್ಲ. ದೀಪ ಹಚ್ಚುವ ಹೊತ್ತಿಗೆ ಮೈಸೂರು ಸೇರಿದೆವು. ಸುಮಾರು 130 ಕಿಲೋಮೀಟರಿಗೆ ಹದಿಮೂರು ಗಂಟೆಗೂ ಮಿಕ್ಕಿ ಹಿಡಿಯಿತು.

ಮನೆಯವರ ಪ್ರಶ್ನೆಗೆ ಈಗ ಉತ್ತರ ಹೇಳಬಹುದು. ಒಂದೂವರೆ ಗಂಟೆಯಲ್ಲಿ ಹೋದಾಗ ನಾವು ಮೈಸೂರನ್ನು ಮಾತ್ರ ಕಂಡಿದ್ದೆವು. ಈ ಸಲ ಗೌಡರ ಗದ್ದೆಯನ್ನು ಕಂಡೆವು, ಸಾಹೇಬರ ಬಾಣಲಿಯನ್ನು ಕಂಡೆವು, ಹೆಸರು ಕೇಳಲು ಮರೆತ ಆ ಹುಡುಗಿಯ ತರಚಿದ ಮೊಣಕೈಯನ್ನು ಕಂಡೆವು. ಸೋಮವಾರ ಬೆಳಗ್ಗೆ ಅವಳು ಮತ್ತೆ ಅದೇ ದಾರಿಯಲ್ಲಿ ಶಾಲೆಗೆ ಹೋಗಿರುತ್ತಾಳೆ.